ಜೊತೆಗಾರ ಎದ್ದುಹೋದ ಮೇಲೆ

ಪುಣೆ ಹತ್ತಿರದ ಚಾಕಣ್‌ನಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ, ಕ್ಯಾಂಟೀನಿಗೆ ಹೋಗುವ ದಾರಿಗೆ ಒಂದು ಶೆಡ್ ಇದೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಅರ್ಧ ಜೋಡಿಸಿದ ಪಂಪುಗಳು ನೀಲಿ ಪ್ಲಾಸ್ಟಿಕ್ ಹೊದ್ದುಕೊಂಡು ಹನ್ನೊಂದು ತಿಂಗಳು ಕೂತಿದ್ದವು. ಹೊರಮೈ ನಾವು ಮಾಡುವುದು, ಒಳಗಿನ ಸೀಲು ಯುರೋಪಿನ ಪಾಲುದಾರ ಕಂಪನಿ ಕಳಿಸುವುದು ಎಂದು ಕರಾರು. ಒಂದು ಸೋಮವಾರ ಅವರಿಂದ ನಾಲ್ಕೇ ಸಾಲಿನ ಮೇಲ್ ಬಂತು, ಈ ವ್ಯವಹಾರ ನಿಲ್ಲಿಸುತ್ತಿದ್ದೇವೆ ಎಂದು. ಸಹಿಗೆ ಮುಂಚೆ ಕರಾರು ಓದಿ ತೊಡಕು ಹುಡುಕುವುದಕ್ಕೇ ನನಗೆ ಸಂಬಳ. ಆ ಕರಾರನ್ನೂ ನಾನೇ ಓದಿದ್ದೆ. ಪಾಲುದಾರ ಮಧ್ಯದಲ್ಲಿ ಬಿಟ್ಟುಹೋದರೆ ಏನು ಎಂಬುದು ಅದರಲ್ಲಿ ಒಂದೂವರೆ ಸಾಲಿನಲ್ಲಿ ಮುಗಿದಿತ್ತು.

ಅದಕ್ಕೇ ಇರಬೇಕು, 2022ರ ಮಾರ್ಚ್‌ನಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಒಂದು ಮಂಗಳ ರೋವರ್ ಪೂರ್ತಿ ಸಿದ್ಧವಾಗಿದ್ದೂ ಹೊರಡದೆ ನಿಂತಿತು ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ನೀಲಿ ಪ್ಲಾಸ್ಟಿಕ್.

ಆ ರೋವರ್ ಹೆಸರು ರೋಸಲಿಂಡ್ ಫ್ರಾಂಕ್ಲಿನ್. ಡಿಎನ್ಎ ರಚನೆ ತಿಳಿಯಲು ದಾರಿ ಮಾಡಿಕೊಟ್ಟ ವಿಜ್ಞಾನಿಯ ಹೆಸರು. ತೂಕ ಸುಮಾರು 300 ಕಿಲೋ, ಆರು ಚಕ್ರ. ಅದರ ವಿಶೇಷ ಒಂದು ಡ್ರಿಲ್. ಮಂಗಳದ ನೆಲವನ್ನು ಎರಡು ಮೀಟರ್ ಆಳಕ್ಕೆ ಕೊರೆದು ಮಣ್ಣು ತೆಗೆಯಬಲ್ಲದು. ಅಮೆರಿಕದ ರೋವರ್‌ಗಳು ಇದುವರೆಗೆ ಕೊರೆದದ್ದು ಕೆಲವೇ ಸೆಂಟಿಮೀಟರ್. ಮಂಗಳದ ಮೇಲ್ಮೈಯನ್ನು ಕೋಟ್ಯಂತರ ವರ್ಷಗಳಿಂದ ವಿಕಿರಣ ಸುಡುತ್ತಲೇ ಇದೆ. ಒಂದು ಕಾಲಕ್ಕೆ ಅಲ್ಲಿ ಜೀವ ಇದ್ದಿದ್ದರೆ ಅದರ ಗುರುತು ಉಳಿದಿರುವುದು ಆಳದಲ್ಲಿ. ಅಂದರೆ ಇದು ಇನ್ನೊಂದು ರೋವರ್ ಅಷ್ಟೇ ಅಲ್ಲ, ಬೇರೆ ಯಾರೂ ಕೇಳದ ಪ್ರಶ್ನೆ ಕೇಳಲು ಹೊರಟದ್ದು.

ಇದರ ಜಾತಕ ನೋಡಿ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ, ಅಂದರೆ ಈಸಾ, ಎಕ್ಸೋಮಾರ್ಸ್ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2005ರಲ್ಲಿ. 2009ರಲ್ಲಿ ನಾಸಾ ಜೊತೆ ಒಪ್ಪಂದವಾಯಿತು. 2012ರಲ್ಲಿ ನಾಸಾ ಹಿಂದೆ ಸರಿಯಿತು, ದುಡ್ಡಿಲ್ಲ ಎಂದು. ಜೇಮ್ಸ್ ವೆಬ್ ದೂರದರ್ಶಕದ ಖರ್ಚು ಮಿತಿಮೀರಿ ಏರಿದ್ದೂ ಅದಕ್ಕೆ ಒಂದು ಕಾರಣ. ತಮಾಷೆ ಎಂದರೆ, 2021ರ ಕ್ರಿಸ್‌ಮಸ್ ದಿನ ಅದೇ ವೆಬ್ ದೂರದರ್ಶಕವನ್ನು ಹೊತ್ತು ಹಾರಿದ್ದು ಯುರೋಪಿನ ಏರಿಯಾನ್ 5 ರಾಕೆಟ್, ಈಸಾ ತನ್ನ ಪಾಲಿನ ಕೊಡುಗೆಯಾಗಿ ಕೊಟ್ಟದ್ದು. ತನ್ನ ಮನೆ ಕೆಲಸ ಕೆಡಿಸಿದ ಮದುವೆಗೆ ತಾನೇ ಗಾಡಿ ಕಳಿಸಿದಂತೆ.

ನಾಸಾ ಹೋದ ಮೇಲೆ ಈಸಾ ರಷ್ಯಾದ ಕಡೆ ತಿರುಗಿತು. 2013ರ ಮಾರ್ಚ್‌ನಲ್ಲಿ ಸಹಿ ಬಿತ್ತು. ಪ್ರೋಟಾನ್ ರಾಕೆಟ್ ರಷ್ಯಾದ್ದು, ಮಂಗಳದ ಮೇಲೆ ಇಳಿಸುವ ವೇದಿಕೆ ರಷ್ಯಾದ್ದು, ರಾತ್ರಿಯ ಚಳಿಯಲ್ಲಿ ರೋವರ್ ಹೆಪ್ಪುಗಟ್ಟದಂತೆ ಬಿಸಿ ಕೊಡುವ ವಿಕಿರಣ ಹೀಟರ್ ಕೂಡ ರಷ್ಯಾದ್ದು. 2016ರಲ್ಲಿ ಮೊದಲ ಕಂತು ಹೋಯಿತು. ಕಕ್ಷೆಯಲ್ಲಿ ಸುತ್ತುವ ಟ್ರೇಸ್ ಗ್ಯಾಸ್ ಆರ್ಬಿಟರ್ ಚೆನ್ನಾಗಿ ನೆಲೆಯಾಯಿತು. ಜೊತೆಗೆ ಹೋದ ಪ್ರಾಯೋಗಿಕ ಲ್ಯಾಂಡರ್ ಸ್ಕಿಯಾಪರೆಲಿ ಮಾತ್ರ ಇನ್ನೂ ಎತ್ತರದಲ್ಲಿದ್ದಾಗಲೇ ನೆಲ ಮುಟ್ಟಿದೆನೆಂದು ತಪ್ಪು ಲೆಕ್ಕ ಹಾಕಿ, ಅಪ್ಪಳಿಸಿ ಪುಡಿಯಾಯಿತು. ರೋವರ್ 2018ಕ್ಕೆ ಅಂದದ್ದು 2020ಕ್ಕೆ ಹೋಯಿತು, ಪ್ಯಾರಾಚೂಟ್ ಹರಿದು 2022ಕ್ಕೆ ಹೋಯಿತು. ಭೂಮಿಯಿಂದ ಮಂಗಳಕ್ಕೆ ಹೊರಡುವ ಸುಮುಹೂರ್ತ ಬರುವುದು ಸುಮಾರು 26 ತಿಂಗಳಿಗೊಮ್ಮೆ. ತಪ್ಪಿದರೆ ಎರಡು ವರ್ಷ ಹೋಯಿತು ಎಂದೇ ಲೆಕ್ಕ.

ಕೊನೆಗೆ 2022ರ ಸೆಪ್ಟೆಂಬರ್‌ಗೆ ಎಲ್ಲ ಸರಿಹೋಯಿತು ಅನ್ನುವಾಗ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಮಾರ್ಚ್ 17ರಂದು ಈಸಾ ಯೋಜನೆಯನ್ನು ತಡೆಹಿಡಿಯಿತು. ಜುಲೈನಲ್ಲಿ ಒಪ್ಪಂದ ಮುರಿದೇ ಹೋಯಿತು. ಈ ಸಲ ಎದ್ದುಹೋದದ್ದು ಜೊತೆಗಾರ ಅಲ್ಲ, ಜೊತೆಗಾರನ ಪಕ್ಕ ಕೂರಲಾರೆ ಎಂದು ಯುರೋಪೇ ಎದ್ದದ್ದು. ಆದರೆ ರೋವರ್ ಪಾಲಿಗೆ ಎರಡೂ ಒಂದೇ.

ಇಪ್ಪತ್ತಕ್ಕೂ ಹೆಚ್ಚು ದೇಶ ಸೇರಿ ನಡೆಸುವ ಸಂಸ್ಥೆ ಇಂಥದ್ದೊಂದು ಲ್ಯಾಂಡರನ್ನು ಮೊದಲೇ ತಾನೇ ಕಟ್ಟಿಕೊಳ್ಳಬಾರದಿತ್ತೇ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತು. 2012ರ ಪೆಟ್ಟಿನ ನಂತರವಾದರೂ ಇಳಿಸುವ ಭಾಗವನ್ನು ಪೂರ್ತಿ ಬೇರೆಯವರ ಕೈಗೆ ಕೊಟ್ಟದ್ದು ತಪ್ಪು ಎಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ಅಲ್ಲಿಯ ಲೆಕ್ಕ ನಡೆಯುವ ರೀತಿ ಗೊತ್ತಾದರೆ ಇದು ಹೇಗಾಯಿತು ಎಂಬುದೂ ತಿಳಿಯುತ್ತದೆ.

ನಮ್ಮ ಹಾಸನದ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಇರುತ್ತದಲ್ಲ, ಯಾರು ಎಷ್ಟು ಕೊಟ್ಟರು ಎಂದು? ನಾಳೆ ಅವರ ಮನೆ ಮದುವೆಗೆ ಅಷ್ಟು ವಾಪಸು ಹೋಗಲೇಬೇಕು. ಈಸಾ ನಡೆಯುವುದೂ ಹೆಚ್ಚುಕಡಿಮೆ ಹಾಗೇ. ಯಾವ ದೇಶ ಎಷ್ಟು ಹಣ ಹಾಕಿತೋ ಅಷ್ಟಕ್ಕೆ ಸರಿಸುಮಾರಾಗಿ ಆ ದೇಶದ ಕಂಪನಿಗಳಿಗೆ ಕೆಲಸ ಸಿಗಬೇಕು. ವಿಜ್ಞಾನದ ಮೂಲ ಕಾರ್ಯಕ್ರಮಕ್ಕೆ ಎಲ್ಲರೂ ತಮ್ಮ ದೇಶದ ಆದಾಯಕ್ಕೆ ತಕ್ಕಂತೆ ಕೊಡಲೇಬೇಕು. ಎಕ್ಸೋಮಾರ್ಸ್‌ನಂಥ ಉಳಿದವುಗಳಿಗೆ ಇಷ್ಟವಿದ್ದವರು ಇಷ್ಟವಿದ್ದಷ್ಟು. ಇಟಲಿ ಹೆಚ್ಚು ಹಾಕಿತು, ಕೆಲಸ ಟ್ಯೂರಿನ್‌ಗೆ ಹೋಯಿತು. ಬ್ರಿಟನ್ ಹಾಕಿತು, ರೋವರ್ ಕಟ್ಟಿದ್ದು ಸ್ಟೀವನೇಜ್‌ನಲ್ಲಿ. ಇದರಿಂದ ಎಲ್ಲವೂ ದುಬಾರಿ, ನಿಧಾನ. ಆದರೆ ಈ ಪುಸ್ತಕ ಹರಿದುಹಾಕಿದರೆ ಸಣ್ಣ ದೇಶಗಳು ಪಂಕ್ತಿಯಿಂದ ಎದ್ದುಹೋಗುತ್ತವೆ. 2024ರಲ್ಲಿ ಈಸಾ ಬಜೆಟ್ 780 ಕೋಟಿ ಯೂರೋ ಆಸುಪಾಸು, ನಾಸಾದ್ದು ಸುಮಾರು 2,500 ಕೋಟಿ ಡಾಲರ್. ಕೈಯಲ್ಲಿರುವುದು ಕಡಿಮೆ, ಹಂಚುವ ಕೈ ಜಾಸ್ತಿ. ಹಾಗಿರುವಾಗ ಹೊರಗಿನವರು ರಾಕೆಟ್ ಕೊಡುತ್ತೇವೆ, ಲ್ಯಾಂಡರ್ ಕೊಡುತ್ತೇವೆ ಎಂದರೆ ಬೇಡ ಎನ್ನುವುದು ಕಷ್ಟ.

ಒಳಗಿನ ಜಗಳವೂ ಹಳೆಯದೇ. 1960ರ ದಶಕದಲ್ಲಿ ಅವರು 'ಯುರೋಪಾ' ಎಂಬ ರಾಕೆಟ್ ಮಾಡಿದ್ದರು. ಮೊದಲ ಹಂತ ಬ್ರಿಟನ್ನಿನದು, ಎರಡನೆಯದು ಫ್ರಾನ್ಸಿನದು, ಮೂರನೆಯದು ಜರ್ಮನಿಯದು. ಒಂದೇ ಒಂದು ಉಪಗ್ರಹವನ್ನೂ ಅದು ಕಕ್ಷೆಗೆ ಸೇರಿಸಲಿಲ್ಲ. ಆಮೇಲೆ ಫ್ರಾನ್ಸ್ ಮತ್ತು ಜರ್ಮನಿ ಸಿಂಫೊನಿ ಎಂಬ ಸಂವಹನ ಉಪಗ್ರಹ ಮಾಡಿ ಅಮೆರಿಕದ ರಾಕೆಟ್ ಕೇಳಿದವು. ವ್ಯಾಪಾರಕ್ಕೆ ಬಳಸುವುದಿಲ್ಲ ಎಂದು ಒಪ್ಪಿದರೆ ಮಾತ್ರ ಹಾರಿಸುತ್ತೇವೆ ಎಂದಿತು ಅಮೆರಿಕ. ಆ ಅವಮಾನದಿಂದಲೇ ಹುಟ್ಟಿದ್ದು ಏರಿಯಾನ್ ಎಂದು ಫ್ರೆಂಚರು ಇವತ್ತಿಗೂ ಹೇಳಿಕೊಳ್ಳುತ್ತಾರೆ. 1975ರಲ್ಲಿ ಈಸಾ ಹುಟ್ಟಿತು, 1979ರ ಡಿಸೆಂಬರ್ 24ರಂದು ಏರಿಯಾನ್ ಮೊದಲ ಸಲ ಹಾರಿತು.

ನಮ್ಮೂರಿಗೆ ಈ ಕಥೆ ಬಂದು ಸೇರುವುದು ಇಲ್ಲೇ. ನಮ್ಮ ಮನೆ ಇದ್ದದ್ದು ಹಾಸನದ ಸಾಲಗಾಮೆ ರಸ್ತೆಯ ಕಡೆ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ನಮ್ಮ ಬಾಯಲ್ಲಿ ಎಂಸಿಎಫ್, ಅಲ್ಲೇ. ಪಕ್ಕದ ಮನೆ ಅಂಕಲ್ ಅಲ್ಲಿ ಕೆಲಸಕ್ಕಿದ್ದರು. 1992ರ ಜುಲೈನಲ್ಲಿ ಇನ್ಸಾಟ್-2ಎ ಹಾರಿದ ವಾರ ಅವರು ಮನೆಗೆ ಬಂದದ್ದನ್ನೇ ನಾವು ನೋಡಲಿಲ್ಲ. ಉಪಗ್ರಹ ನಮ್ಮದು, ಹಾರಿಸಿದ್ದು ದಕ್ಷಿಣ ಅಮೆರಿಕದ ಕೌರುವಿನಿಂದ ಏರಿಯಾನ್ ರಾಕೆಟ್, ಅದು ಕೈಬಿಟ್ಟ ಮೇಲೆ ಹಿಡಿದುಕೊಳ್ಳುವುದು ಹಾಸನ. ಕೌರು ಎಲ್ಲಿದೆ ಎಂದು ಶಾಲೆಯ ಭೂಪಟದಲ್ಲಿ ಹುಡುಕಿ ಸುಸ್ತಾಗಿದ್ದೆ. ಅಂಕಲ್ ಹೆಂಡತಿ ಮಾತ್ರ, "ಆ ಫ್ರಾನ್ಸ್‌ನೋರಿಗೆ ಹಗಲು ಹೊತ್ತಲ್ಲಿ ಬಿಡೋಕಾಗಲ್ವಾ" ಎಂದು ಅಮ್ಮನ ಹತ್ತಿರ ಗೊಣಗುತ್ತಿದ್ದರು.

ಆಗ ನನಗೆ ಗೊತ್ತಿರದಿದ್ದದ್ದು, ಆ ಏರಿಯಾನ್‌ನಲ್ಲಿ ನಮ್ಮವರ ಬೆವರೂ ಸ್ವಲ್ಪ ಇತ್ತು ಎಂಬುದು. ಅದರ ವೈಕಿಂಗ್ ಎಂಜಿನ್ ತಯಾರಾಗುವ ಕಾಲಕ್ಕೆ, 1974ರ ಒಪ್ಪಂದದಂತೆ, ಇಸ್ರೋ ಎಂಜಿನಿಯರುಗಳು ಫ್ರಾನ್ಸಿನ ವೆರ್ನೋನ್‌ಗೆ ಹೋಗಿ ಕೆಲಸ ಮಾಡಿದರು. ತಂಡದ ಮುಂದಾಳು ನಂಬಿ ನಾರಾಯಣನ್. ತಂತ್ರಜ್ಞಾನಕ್ಕೆ ಬದಲಾಗಿ ನಾವು ಕೊಟ್ಟದ್ದು ದುಡ್ಡಲ್ಲ, ದುಡಿಮೆ. ಅಪ್ಪಟ ಮುಯ್ಯಿ. ಅಲ್ಲಿಂದ ಕಲಿತು ಬಂದದ್ದೇ ನಮ್ಮ ವಿಕಾಸ್ ಎಂಜಿನ್. ಏರಿಯಾನ್ ತನ್ನ ಪರೀಕ್ಷಾ ಹಾರಾಟದಲ್ಲಿ ಪುಕ್ಕಟೆ ಜಾಗ ಕೊಟ್ಟಿದ್ದರಿಂದಲೇ 1981ರ ಜೂನ್‌ನಲ್ಲಿ ನಮ್ಮ ಆಪಲ್ ಉಪಗ್ರಹ ಮೇಲೇರಿತು. ಎತ್ತಿನ ಗಾಡಿ ಮೇಲೆ ಕೂತ ಉಪಗ್ರಹದ ಫೋಟೋ ನೋಡಿರುತ್ತೀರಿ, ಅದೇ. ಆ ಫೋಟೋ ಹಾಕಿ ನಮ್ಮ ಬಡತನ ತೋರಿಸುವವರು ಎಷ್ಟೋ ಜನ. ಲೋಹದ ವಾಹನದ ಅಡ್ಡಿಯಿಲ್ಲದೆ ಆಂಟೆನಾ ಪರೀಕ್ಷಿಸಲು ಬೇಕೆಂದೇ ಹೂಡಿದ ಗಾಡಿ ಅದು.

ಈಗ ಮತ್ತೆ 2022ಕ್ಕೆ ಬನ್ನಿ. ಯುದ್ಧ ಶುರುವಾಗಿ ಎರಡು ದಿನಕ್ಕೆ ರಷ್ಯಾ ಕೌರುವಿನಲ್ಲಿದ್ದ ತನ್ನ ಸಿಬ್ಬಂದಿಯನ್ನು ವಾಪಸು ಕರೆಸಿಕೊಂಡಿತು. ಅಲ್ಲಿಂದ ಹಾರುತ್ತಿದ್ದ ಸೋಯುಜ್ ಅಲ್ಲಿಗೇ ನಿಂತಿತು. ಲಂಡನ್ನಿನ ಒನ್‌ವೆಬ್ ಕಂಪನಿಯ 36 ಉಪಗ್ರಹಗಳು ಬೈಕನೂರಿನಲ್ಲಿ ರಾಕೆಟ್ ಮೇಲೆ ಕೂತಿದ್ದವು. ಬ್ರಿಟಿಷ್ ಸರ್ಕಾರ ತನ್ನ ಷೇರು ಬಿಡಬೇಕು ಎಂದು ರಷ್ಯಾ ಪಟ್ಟು ಹಿಡಿಯಿತು. ರಾಕೆಟ್ ಮೇಲಿದ್ದ ದೇಶಗಳ ಬಾವುಟಗಳನ್ನು ಮುಚ್ಚುವ ವಿಡಿಯೋ ಹೊರಬಂತು. ಆ ಉಪಗ್ರಹಗಳು ಅಲ್ಲೇ ಉಳಿದವು. ಒನ್‌ವೆಬ್ ಎರಡು ಬಾಗಿಲು ತಟ್ಟಿತು, ಒಂದು ಸ್ಪೇಸ್‌ಎಕ್ಸ್, ಇನ್ನೊಂದು ನಮ್ಮದು. 2022ರ ಅಕ್ಟೋಬರ್‌ನಲ್ಲಿ 36, 2023ರ ಮಾರ್ಚ್‌ನಲ್ಲಿ 36 ಉಪಗ್ರಹಗಳನ್ನು ಶ್ರೀಹರಿಕೋಟದಿಂದ ಎಲ್‌ವಿಎಂ3 ಹೊತ್ತೊಯ್ದಿತು. ಆ ರಾಕೆಟ್‌ನ ನಡುವಿನ ಹಂತದಲ್ಲಿ ಉರಿಯುವುದು ಎರಡು ವಿಕಾಸ್ ಎಂಜಿನ್. ವೆರ್ನೋನ್‌ನಲ್ಲಿ ಬರೆದ ಮುಯ್ಯಿ ಸುಮಾರು ಐವತ್ತು ವರ್ಷದ ಮೇಲೆ ಹೀಗೆ ವಾಪಸು ಹೋಯಿತು, ಬಡ್ಡಿ ಸಮೇತ ಬಾಡಿಗೆ ನಮಗೇ ಬಂತು ಎನ್ನಿ.

ಆ ದಿನ ಕ್ಯಾಂಟೀನಿನಲ್ಲಿ ನಮ್ಮ ಧಾರವಾಡದ ಗೆಳೆಯ ಹಿಗ್ಗಿ ಹೀರೇಕಾಯಿಯಾಗಿದ್ದ. "ನೋಡ್ರೀ, ಯುರೋಪಿನವ್ರು ಈಗ ನಮ್ಮ ಬಾಗ್ಲಿಗೆ ಬಂದ್ರು" ಅಂದ. ಹೆಮ್ಮೆ ನನಗೂ ಇತ್ತು. ಆದರೆ 2024ರ ನವೆಂಬರ್‌ನಲ್ಲಿ ನಮ್ಮದೇ 4,700 ಕಿಲೋ ತೂಕದ ಜಿಸ್ಯಾಟ್-ಎನ್2 ಉಪಗ್ರಹ ಎಲ್‌ವಿಎಂ3ಗೆ ಭಾರವಾಗಿ, ಏರಿಯಾನ್ 5 ಅಷ್ಟರಲ್ಲಿ ನಿವೃತ್ತಿಯಾಗಿ, ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ಹತ್ತಿ ಹೋಯಿತು. ಯುರೋಪಿನ ಪಾಡೂ ಅದೇ. ಏರಿಯಾನ್ 5ರ ಕೊನೆಯ ಹಾರಾಟ 2023ರ ಜುಲೈ, ಏರಿಯಾನ್ 6ರ ಮೊದಲನೆಯದು 2024ರ ಜುಲೈ. ಯೂಕ್ಲಿಡ್ ದೂರದರ್ಶಕ ಫಾಲ್ಕನ್ ಹತ್ತಿತು. ಅಮೆರಿಕದ ಜಿಪಿಎಸ್ ಮೇಲೆ ಅವಲಂಬನೆ ಬೇಡವೆಂದು ಕಟ್ಟಿಕೊಂಡ ಗೆಲಿಲಿಯೋ ಉಪಗ್ರಹಗಳೂ 2024ರಲ್ಲಿ ಅಮೆರಿಕದ ರಾಕೆಟ್ಟಿನಲ್ಲೇ ಹೋದವು. ಇದನ್ನು ಪ್ಯಾರಿಸ್‌ನಲ್ಲಿ ಯಾರೂ ಸಂತೋಷದಿಂದ ಸಹಿ ಮಾಡಿರಲಾರರು.

ಅದೇ ವರ್ಷದ ಡಿಸೆಂಬರ್ 5ರಂದು ಈಸಾದ ಪ್ರೋಬಾ-3 ನಮ್ಮ ಪಿಎಸ್‌ಎಲ್‌ವಿಯಲ್ಲಿ ಹಾರಿತು. 150 ಮೀಟರ್ ಅಂತರದಲ್ಲಿ ಜೊತೆಯಾಗಿ ಹಾರುವ ಎರಡು ನೌಕೆಗಳು. ಒಂದು ಸೂರ್ಯನಿಗೆ ಅಡ್ಡ ನಿಂತು ಗ್ರಹಣ ಮಾಡುತ್ತದೆ, ಇನ್ನೊಂದು ಆ ನೆರಳಿನಲ್ಲಿ ನಿಂತು ಸೂರ್ಯನ ಪ್ರಭೆಯ ಫೋಟೋ ತೆಗೆಯುತ್ತದೆ. ಚಂದ್ರಯಾನ-3ಕ್ಕೆ ಯುರೋಪಿನ ಆಂಟೆನಾಗಳು ಕಿವಿಗೊಟ್ಟು ಬೆಂಗಳೂರಿಗೆ ಸಂಕೇತ ದಾಟಿಸಿದ್ದು ಅದಕ್ಕೆ ಒಂದು ವರ್ಷ ಮೊದಲು. ಇಂಥ ಚಿಕ್ಕ ಚಿಕ್ಕ ಕೊಡುಕೊಳ್ಳುವಿಕೆ ಸದ್ದಿಲ್ಲದೆ ನಡೆಯುತ್ತಲೇ ಇರುತ್ತದೆ, ಒಡೆಯುವುದೂ ಕಡಿಮೆ. ಮಂಗಳದ ಸುತ್ತ ತಿರುಗುತ್ತಿರುವ ಟ್ರೇಸ್ ಗ್ಯಾಸ್ ಆರ್ಬಿಟರ್‌ನಲ್ಲಿ ಯುರೋಪಿನ ಉಪಕರಣಗಳ ಪಕ್ಕದಲ್ಲೇ ರಷ್ಯಾದವೂ ಇವೆ. ಅದು ಅಮೆರಿಕದ ರೋವರ್‌ಗಳ ಮಾಹಿತಿಯನ್ನೂ ಭೂಮಿಗೆ ತಲುಪಿಸುತ್ತದೆ. ಕೆಳಗೆ ಜಗಳ, ಮೇಲೆ ಒಂದೇ ಮನೆ.

ಹಾಗಾದರೆ ರೋವರ್? 2022ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಸದಸ್ಯ ದೇಶಗಳ ಸಚಿವರು ಅದನ್ನು ಮ್ಯೂಸಿಯಮ್ಮಿಗೆ ಕಳಿಸದೆ ಉಳಿಸಿಕೊಳ್ಳಲು ಒಪ್ಪಿದರು. ಈ ಸಲ ಇಳಿಸುವ ವೇದಿಕೆ ಯುರೋಪಿನದೇ, ಏರ್‌ಬಸ್ ಬ್ರಿಟನ್ನಿನಲ್ಲಿ ಕಟ್ಟುತ್ತದೆ. ತೆಗೆದುಹಾಕಿದ ರಷ್ಯಾದ ಉಪಕರಣದ ಜಾಗಕ್ಕೆ ಎನ್ಫಿಸ್ ಎಂಬ ಬ್ರಿಟಿಷ್ ಉಪಕರಣ. ಆದರೆ ವೇಗ ತಗ್ಗಿಸುವ ಎಂಜಿನ್, ಆ ಹೀಟರ್, ರಾಕೆಟ್ ಮೂರಕ್ಕೂ 2024ರ ಮೇನಲ್ಲಿ ಮತ್ತೆ ನಾಸಾ ಜೊತೆಗೇ ಸಹಿ. ಕರಾರು ಓದುವವಳಾಗಿ ನನ್ನ ಕಣ್ಣು ನೆಟ್ಟದ್ದು ಹೀಟರ್ ಮೇಲೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತು. ಅದರೊಳಗೆ ವಿಕಿರಣ ಇಂಧನ ಇರುವುದರಿಂದ ನೌಕೆ ಅಮೆರಿಕದ ನೆಲದಿಂದಲೇ ಏರಬೇಕು. ಸ್ವಂತ ಏರಿಯಾನ್ 6 ಕೌರುವಿನಲ್ಲಿ ನಿಂತಿದ್ದರೂ ಉಪಯೋಗವಿಲ್ಲ. ನಮ್ಮ ಪಂಪಿನ ಸೀಲೂ ಹಾಗೇ, ಇಡೀ ಮಾಲಿನಲ್ಲಿ ಅತಿ ಸಣ್ಣದು. ಯುರೋಪು ಈಗ ಅಮೆರಿಸಿಯಂ ಬಳಸಿ ತನ್ನದೇ ಹೀಟರ್ ಮಾಡಲು ಹೊರಟಿದೆ. ನಾವು ಸೀಲಿಗೆ ಕೊನೆಗೂ ಕೊಯಮತ್ತೂರಿನಲ್ಲಿ ಒಬ್ಬರನ್ನು ಹಿಡಿದೆವು, ಎರಡನೆಯವರನ್ನು ಇನ್ನೂ ಹುಡುಕುತ್ತಿದ್ದೇನೆ.

2025ರ ಮೇನಲ್ಲಿ ಅಮೆರಿಕ ಸರ್ಕಾರ ನಾಸಾ ಬಜೆಟ್ಟಿಗೆ ದೊಡ್ಡ ಕತ್ತರಿ ಹಾಕುವ ಪ್ರಸ್ತಾವ ಮುಂದಿಟ್ಟಾಗ ಟ್ಯೂರಿನ್ ಮತ್ತು ಸ್ಟೀವನೇಜ್‌ನಲ್ಲಿ ಎಷ್ಟು ಜನರ ಊಟ ಸೇರಲಿಲ್ಲವೋ. ಅದೇ ನವೆಂಬರ್‌ನಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಸಚಿವರು ಮತ್ತೆ ಸೇರಿ, ಹಿಂದೆಂದೂ ಕೊಡದಷ್ಟು, 2,210 ಕೋಟಿ ಯೂರೋ ಎತ್ತಿಟ್ಟರು. ಹೆದರಿಕೆಯೂ ಕೆಲವೊಮ್ಮೆ ಗಂಟು ಬಿಚ್ಚಿಸುತ್ತದೆ.

ಇದನ್ನು ಬರೆಯುವ ಮುಂಚೆ ಹಾಸನಕ್ಕೆ ಫೋನ್ ಮಾಡಿ ಅಂಕಲ್ ಹತ್ತಿರ ಮಾತಾಡಿದೆ. ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು, ಕಿವಿ ಸ್ವಲ್ಪ ಮಂದ. ರೋವರ್ ಕಥೆ ಪೂರ್ತಿ ಕೇಳಿಸಿಕೊಂಡರು.

"ಯಾವಾಗ ಹೊರಡುತ್ತಂತೆ ಪುಟ್ಟಿ?"

"2028 ಅಂತಾರೆ ಅಂಕಲ್. ಇಳಿಯೋದು 2030."

"ಕರಾರು ಸಹಿ ಆಗಿದೆ ತಾನೆ?"

"ಆಗಿದೆ ಅಂಕಲ್, ಇದು ಮೂರನೇದು."

ಜೋರಾಗಿ ನಕ್ಕರು. ಆಮೇಲೆ, ದಸರಾಕ್ಕೆ ಬರುವಾಗ ಬಾಕರ್‌ವಡಿ ತರೋದು ಮರೀಬೇಡ, ಹೋದ ಸಲದ್ದು ಮೆತ್ತಗಾಗಿತ್ತು ಅಂದರು.