ಹಳೇ ಗೀಸರ್ ಯಾರಿಗೆ ಕೊಡೋದು?

ಮಾರ್ಚ್ ಬಂತೆಂದರೆ ಅಹಮದಾಬಾದ್, ವಡೋದರಾ, ಸೂರತ್‌ನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಟ್ರಾನ್ಸ್‌ಫರ್ ಆಗಿದೆ. ಮಂಚ, ಕೂಲರ್, ಗೀಸರ್ ಇವೆ. ಬೇಕಾದವರು ಹೇಳಿ." ಮಂಚ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಕೂಲರ್‌ಗಂತೂ ಇಬ್ಬರು ಮೂವರ ಪೈಪೋಟಿ. ಉಳಿಯುವುದು ಗೀಸರ್. ಇನ್ನೊಂದು ತಿಂಗಳಿಗೆ ಟ್ಯಾಂಕಿನ ನೀರೇ ಮೈ ಸುಡುವ ಊರಿದು, ಆಗ ಗೀಸರ್ ಯಾರಿಗೆ ಬೇಕು? ಮಾರುವುದಾದರೆ ದೀಪಾವಳಿ ಕಳೆದ ಮೇಲೆ, ಉತ್ತರಾಯಣಕ್ಕೆ ಮುಂಚೆ ಮಾರಬೇಕು. ಆದರೆ ಟ್ರಾನ್ಸ್‌ಫರ್ ಆರ್ಡರ್ ನಮ್ಮ ಅನುಕೂಲ ನೋಡಿ ಬರುವುದಿಲ್ಲವಲ್ಲ!

ನಾನು ಈ ಮೂರೂ ಊರುಗಳಲ್ಲಿ ಸೇರಿ ಹನ್ನೊಂದು ವರ್ಷ ಬಾಡಿಗೆ ಮನೆಗಳಲ್ಲಿದ್ದೇನೆ. ಮೂರು ಕಡೆಯೂ ಬಚ್ಚಲಲ್ಲಿ ಬರೀ ನಲ್ಲಿ, ಗೀಸರ್ ನಮ್ಮದೇ. ಹಾಸನದ ನಮ್ಮ ಅಜ್ಜಿ ಮನೆಯ ತಾಮ್ರದ ಹಂಡೆ ಮೂರು ತಲೆಮಾರಿಗೆ ನೀರು ಕಾಯಿಸಿತು. ಅದನ್ನು ಯಾರಿಗೆ ಕೊಟ್ಟರೂ ಚಿಂತೆಯಿರಲಿಲ್ಲ, ಅಳುಕುವಂಥದ್ದು ಅದರೊಳಗೆ ಏನೂ ಇಲ್ಲ. ಗೀಸರ್ ಹಾಗಲ್ಲ. ಬೋರ್‌ವೆಲ್ ನೀರಿದ್ದರೆ ಕಾಯಿಲ್ ಮೇಲೆ ಸುಣ್ಣದಂಥ ಪದರ ಕಟ್ಟುತ್ತದೆ. ಟ್ಯಾಂಕು ತುಕ್ಕು ಹಿಡಿಯದಿರಲೆಂದು ಒಳಗೊಂದು ಮೆಗ್ನೀಷಿಯಂ ಸರಳು ಇಟ್ಟಿರುತ್ತಾರೆ, ತಾನು ಸವೆದು ಟ್ಯಾಂಕನ್ನು ಉಳಿಸುವುದು ಅದರ ಕೆಲಸ. ಅದು ಪೂರ್ತಿ ಸವೆದಿದ್ದರೆ ಹೊರಗೆ ಬಿಳೀ ಬಣ್ಣ ಎಷ್ಟು ಹೊಳೆದರೂ ಉಪಯೋಗವಿಲ್ಲ. ಹಾಗಾಗಿ ಹಳೆಯದನ್ನು ಕೊಳ್ಳುವವರು ಫೋಟೋ ನೋಡಿ ಒಪ್ಪಬೇಡಿ. ಕಳಚುವ ಮೊದಲೇ ಹೋಗಿ, ನೀರು ಕಾದ ಮೇಲೆ ಥರ್ಮೋಸ್ಟಾಟ್ ತಾನಾಗಿ ಆಫ್ ಆಗುತ್ತದಾ ನೋಡಿ. ಸೇಫ್ಟಿ ವಾಲ್ವ್ ಕಚ್ಚಿಕೊಂಡಿದೆಯಾ ನೋಡಿ. ಹತ್ತನೇ ಮಹಡಿಯ ಬಿಲ್ಡಿಂಗ್‌ನಲ್ಲಿ ನೀರಿನ ಒತ್ತಡ ಜಾಸ್ತಿ ಇರುತ್ತದೆ, ಅದು ಎಷ್ಟು ಬಾರ್ ತಡೆಯುತ್ತದೆಂದು ಲೇಬಲ್ಲಿನಲ್ಲಿ ಓದಿ.

ಇದೆಲ್ಲ ಕರೆಂಟ್ ಗೀಸರ್ ಮಾತು. ಗುಜರಾತಿನಲ್ಲಿ ಇನ್ನೊಂದು ಜಾತಿಯಿದೆ. ಇಲ್ಲಿ ಅಡುಗೆಮನೆಗೆ ಪೈಪಿನಲ್ಲೇ ಗ್ಯಾಸ್ ಬರುತ್ತದೆ. ವಡೋದರಾದಲ್ಲಂತೂ 1970ರ ದಶಕದಲ್ಲೇ ಬಂದಿತ್ತು. ಅದೇ ಪೈಪಿಗೆ ಗ್ಯಾಸ್ ಗೀಸರ್ ಸೇರಿಸುತ್ತಾರೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು, ಖರ್ಚೂ ಕಡಿಮೆ. ಸೂರತ್ ಮನೆಯಲ್ಲಿ ನಮ್ಮದೂ ಒಂದಿತ್ತು, ತೆರೆದ ಬಾಲ್ಕನಿಯ ಗೋಡೆಗೆ. ಒಳಗಿನ ಬಚ್ಚಲಿಗೆ ಹದಿನೈದು ಲೀಟರಿನ ಕರೆಂಟಿನದು.

ಈ ವರ್ಷ ಗಾಂಧಿನಗರಕ್ಕೆ ಹೊರಟಾಗ, ಮನೆಗೆಲಸಕ್ಕೆ ಬರುತ್ತಿದ್ದ ಬೆನ್ ಗ್ಯಾಸ್ ಗೀಸರ್ ಕೇಳಿದರು. "ಭಾಭಿ, ಅದನ್ನೇ ಕೊಡಿ, ಕರೆಂಟ್ ಬಿಲ್ ಬರಲ್ಲ." ಅವರ ಮನೆ ನೋಡಿದ್ದೇನೆ. ಒಂದು ಕೋಣೆ, ಅದರ ಮೂಲೆಯಲ್ಲಿ ಬಚ್ಚಲು, ಅಂಗೈಯಗಲದ ಕಿಂಡಿ. ಗ್ಯಾಸ್ ಸಿಲಿಂಡರಿನದು. ನಾನು ಆಗಲ್ಲ ಅಂದೆ. ಮೂರು ದಿನ ಅವರು ಸರಿಯಾಗಿ ಮಾತಾಡಲಿಲ್ಲ. ನಮ್ಮ ಯಜಮಾನರೂ "ಕೊಡ್ಬಾರ್ದಾ, ಪಾಪ" ಅಂದರು.

ಕೊಡಬಾರದು. ಪೈಪ್ ಗ್ಯಾಸ್‌ಗೆಂದು ಮಾಡಿದ ಗೀಸರಿನ ಜೆಟ್ಟೇ ಬೇರೆ, ಸಿಲಿಂಡರಿಗೆ ಹಾಗೆಯೇ ಸೇರಿಸಿದರೆ ಉರಿ ಹದ ತಪ್ಪುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಗಾಳಿಯಾಡದ ಬಚ್ಚಲು. ಗ್ಯಾಸ್ ಉರಿಯುತ್ತಾ ಅಲ್ಲಿನ ಆಮ್ಲಜನಕ ತಿನ್ನುತ್ತದೆ, ಉರಿ ಅರೆಬರೆಯಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅಡುಗೆ ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ, ಇದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಎದ್ದು ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿಯನ್ನು ಗುಜರಾತಿನ ಪತ್ರಿಕೆಗಳಲ್ಲೂ ಓದಿದ್ದೇವೆ, ನಮ್ಮ ಕರ್ನಾಟಕದ ಪತ್ರಿಕೆಗಳಲ್ಲೂ. ಬೆನ್‌ಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಬೆಳಗ್ಗೆ ಬಾಗಿಲು ಹಾಕಿಕೊಂಡೇ ಸ್ನಾನ ಮಾಡುವವರು. ಇದನ್ನು ನನ್ನ ಹರಕು ಗುಜರಾತಿಯಲ್ಲಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಪಕ್ಕದ ಮನೆಯವರು ಆನ್‌ಲೈನ್‌ನಲ್ಲಿ ಹಾಕಿ, ಎರಡು ಸಾವಿರ ಬರುತ್ತೆ ಅಂದರು. ಬರುತ್ತಿತ್ತೇನೋ. ಆದರೆ ಕೊಂಡವರು ಅದನ್ನು ಯಾವ ಬಚ್ಚಲಿಗೆ ಹಾಕುತ್ತಾರೆಂದು ನೋಡುವವರು ಯಾರು? ಕೊನೆಗೆ ಗುಜರಿಗೆ ಹಾಕಿದೆ. ಇಲ್ಲಿ ಗುಜರಿಗೆ 'ಭಂಗಾರ್' ಅನ್ನುತ್ತಾರೆ. ಹೊಸದಾಗಿ ಬಂದ ಕನ್ನಡಿಗರು ಬೀದಿಯಲ್ಲಿ ಕೂಗುವವನನ್ನು ಚಿನ್ನದ ವ್ಯಾಪಾರಿ ಎಂದುಕೊಳ್ಳುವ ಜೋಕು ನಿಮಗೂ ಗೊತ್ತಿರಬಹುದು. ಗುಜರಿಗೆ ಹೋದದ್ದೆಲ್ಲ ಒಡೆದು ಕರಗುತ್ತದೆ ಎಂದೇನೂ ಇಲ್ಲ. ಅಹಮದಾಬಾದಿನ ಎಲ್ಲಿಸ್ ಬ್ರಿಡ್ಜ್ ಹತ್ತಿರದ ರವಿವಾರಿ ಸಂತೆಗೆ ಒಂದು ಭಾನುವಾರ ಹೋಗಿ ನೋಡಿ, ಬಿಸಾಡಿದ ಎಷ್ಟೋ ಸಾಮಾನು ಒರೆಸಿಕೊಂಡು ಕೂತಿರುತ್ತದೆ. ಅದಕ್ಕೇ ಪ್ಲಂಬರ್ ಕೈಲಿ ಬರ್ನರ್ ಬಿಚ್ಚಿಸಿ, ಬಗ್ಗಿಸಿ, ಆಮೇಲೆ ತೂಕಕ್ಕೆ ಹಾಕಿದೆ.

ಕರೆಂಟ್ ಗೀಸರ್ ಬೆನ್‌ಗೇ ಅಂತ ತೀರ್ಮಾನವಾಯಿತು. ಎಲೆಕ್ಟ್ರಿಷಿಯನ್ ಅವರ ಮನೆ ನೋಡಿ ಬಂದು ತಲೆ ಅಲ್ಲಾಡಿಸಿದ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅಲ್ಲಿರುವುದು ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಪಾಯಿಂಟು. ಅರ್ಥಿಂಗ್ ಇಲ್ಲವೇ ಇಲ್ಲ. ಬೇರೆ ವೈರು, 16 ಆಂಪಿಯರ್ ಸಾಕೆಟ್, ಎಂಸಿಬಿ, ಅರ್ಥಿಂಗ್ ಎಲ್ಲ ಸೇರಿ ಗೀಸರ್ ಮಾರಿದರೆ ಬರುವುದಕ್ಕಿಂತ ಜಾಸ್ತಿ ಖರ್ಚು. ಪುಕ್ಕಟೆ ಕೊಡುವ ಗೀಸರ್ ಪಡೆಯುವವರಿಗೆ ಎಷ್ಟಕ್ಕೆ ಬೀಳುತ್ತದೆ ಅಂತ ನಾವು ಲೆಕ್ಕ ಹಾಕುವುದೇ ಇಲ್ಲ. ವೈರಿಂಗ್ ದುಡ್ಡು ನಾವೇ ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟೆವು. ಗೋಡೆ ಕೊರೆಯಲು ಅವರ ಮನೆ ಮಾಲೀಕರು ಒಪ್ಪಬೇಕಿತ್ತು, ಅದಕ್ಕೆ ಎರಡು ವಾರ ಹಿಡಿಯಿತು.

ಮೊನ್ನೆ ಬೆನ್ ಫೋನ್ ಮಾಡಿದ್ದರು. ಸಾಕೆಟ್ ಕೂತಿದೆ, ಗೀಸರ್ ಇನ್ನೂ ಅಟ್ಟದ ಮೇಲಿದೆ. "ದಿವಾಳಿ ಆದ್ಮೇಲೆ ಹಾಕಿಸ್ತೀನಿ ಭಾಭಿ, ಈಗ್ಯಾರು ಬಿಸಿನೀರು ಕೇಳ್ತಾರೆ?"