ಮರಗಳ ನಡುವಿನ ಹಾಸಿಗೆ: ಹೊರಾಂಗಣ ನಿದ್ರೆಗೆ ಹ್ಯಾಮಕ್ ಆರಿಸುವ ಬಗೆ

ಕಾಡುಮೇಡುಗಳಲ್ಲಿ ರಾತ್ರಿ ತಂಗಲೆಂದು ಹ್ಯಾಮಕ್ ಕೊಳ್ಳುವವರು ಸಾಮಾನ್ಯವಾಗಿ ಅದರ ಬಣ್ಣ, ತೂಕ ಮತ್ತು ಬೆಲೆಯನ್ನು ಮೊದಲು ನೋಡುತ್ತಾರೆ; ಆದರೆ ಆ ತೂಗುಹಾಸಿಗೆಯಲ್ಲಿ ಬೆಳಗಿನವರೆಗೆ ನಿದ್ರೆ ಹತ್ತುತ್ತದೆಯೇ ಇಲ್ಲವೇ ಎಂಬುದು ಬಟ್ಟೆಯ ಉದ್ದ, ಅದು ಜೋಲುವ ಪ್ರಮಾಣ ಮತ್ತು ಅದರೊಳಗೆ ದೇಹ ಮಲಗುವ ದಿಕ್ಕು ಎಂಬ ಮೂರು ಸಂಗತಿಗಳನ್ನು ಅವಲಂಬಿಸಿದೆ. ಮಧ್ಯಾಹ್ನದ ಅರ್ಧ ಗಂಟೆಯ ವಿಶ್ರಾಂತಿಗೆಂದು ತಯಾರಾದ ಎರಡೂವರೆ ಮೀಟರಿನ ಹ್ಯಾಮಕ್‌ನಲ್ಲಿ ಇಡೀ ರಾತ್ರಿ ಬಿಲ್ಲಿನಂತೆ ಬಾಗಿ ಮಲಗಿ, ಬೆಳಿಗ್ಗೆ ಬೆನ್ನು ಹಿಡಿದುಕೊಂಡು ಎದ್ದವರು ಹ್ಯಾಮಕ್ ಎಂಬುದೇ ಮಲಗಲು ಯೋಗ್ಯವಲ್ಲವೆಂಬ ತೀರ್ಮಾನಕ್ಕೆ ಬರುವುದು ಸಹಜವಾದರೂ, ಅಲ್ಲಿ ತಪ್ಪಿರುವುದು ಅಳತೆ ಮಾತ್ರ.

ಹ್ಯಾಮಕ್ಕನ್ನು ದಿನನಿತ್ಯದ ಹಾಸಿಗೆಯಾಗಿ ಬಳಸಿಕೊಂಡು ಬಂದ ಸಮಾಜಗಳ ಅನುಭವವೂ ಇದನ್ನೇ ಸಮರ್ಥಿಸುತ್ತದೆ. 1492ರಲ್ಲಿ ಕೊಲಂಬಸ್ ಬಹಾಮಾ ದ್ವೀಪಗಳನ್ನು ತಲುಪಿದಾಗ ಅಲ್ಲಿನ ಮೂಲನಿವಾಸಿಗಳು ಹತ್ತಿಯ ಬಲೆಗಳನ್ನು ಕಟ್ಟಿಕೊಂಡು ಮಲಗುತ್ತಿದ್ದುದನ್ನು ಕಂಡನು. ಮೆಕ್ಸಿಕೋದ ಯುಕಾಟಾನ್ ಪ್ರದೇಶದ ಮನೆಗಳಲ್ಲಿ ಮತ್ತು ಬ್ರೆಜಿಲ್‌ನ ಉತ್ತರ ಭಾಗದಲ್ಲಿ ಇಂದಿಗೂ ಅಸಂಖ್ಯ ಜನ ಮಂಚದ ಬದಲು ಇದರಲ್ಲೇ ಮಲಗುತ್ತಾರೆ, ಅಮೆಜಾನ್ ನದಿಯ ಪ್ರಯಾಣದ ದೋಣಿಗಳಲ್ಲಂತೂ ಪ್ರತಿಯೊಬ್ಬ ಪ್ರಯಾಣಿಕನೂ ತನ್ನದೇ ಹಾಸಿಗೆಯನ್ನು ತಂದು ಸಾಲಿನಲ್ಲಿ ತೂಗುಹಾಕುವ ರೂಢಿಯಿದೆ. ಇಂತಹ ಪ್ರದೇಶಗಳ ಹ್ಯಾಮಕ್‌ಗಳು ಅಗಲವಾಗಿಯೂ ಉದ್ದವಾಗಿಯೂ ಇರುತ್ತವೆ ಮತ್ತು ಮಲಗುವವರು ಅದರಲ್ಲಿ ಓರೆಯಾಗಿ, ಅಂದರೆ ಮೂಲೆಯಿಂದ ಮೂಲೆಗೆ ಮೈಚಾಚುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, 1597ರಲ್ಲಿ ಹ್ಯಾಮಕ್ಕನ್ನು ಅಳವಡಿಸಿಕೊಂಡ ಇಂಗ್ಲೆಂಡಿನ ನೌಕಾಪಡೆಯು ಮುಂದಿನ ಕಾಲದಲ್ಲಿ ತನ್ನ ಹಡಗುಗಳಲ್ಲಿ ಒಬ್ಬ ನಾವಿಕನ ಹಾಸಿಗೆಗೆ ಕೇವಲ 14 ಅಂಗುಲ ಅಗಲದ ಜಾಗವನ್ನು ಗೊತ್ತುಪಡಿಸಿತ್ತಾದ್ದರಿಂದ, ಇಕ್ಕಟ್ಟಾದ ಕ್ಯಾನ್ವಾಸ್ ತೂಗುಹಾಸಿಗೆಯ ಚಿತ್ರವೇ ಯೂರೋಪಿನ ಮೂಲಕ ಜಗತ್ತಿಗೆಲ್ಲ ಪರಿಚಯವಾಯಿತು. ಅದು ಜಾಗದ ಕೊರತೆಯಿಂದ ಹುಟ್ಟಿದ ಆಕಾರವಾಗಿತ್ತು. ಸುಖನಿದ್ರೆಗೆ ಮಾದರಿಯಾಗಿ ಅದನ್ನು ತೆಗೆದುಕೊಳ್ಳಬಾರದು.

ಓರೆಯಾಗಿ ಮಲಗುವುದರಿಂದ ಆಗುವ ವ್ಯತ್ಯಾಸವನ್ನು ಅರಿಯಲು ಹ್ಯಾಮಕ್‌ನ ರಚನೆಯನ್ನು ನೋಡಬೇಕು. ಶಿಬಿರವಾಸಿಗಳು ಹೆಚ್ಚಾಗಿ ಬಳಸುವುದು ಎರಡೂ ತುದಿಗಳಲ್ಲಿ ಬಟ್ಟೆಯನ್ನು ನೆರಿಗೆಯಾಗಿ ಕೂಡಿಸಿ ಬಿಗಿದ ಬಗೆಯದು. ಇದರ ನಡುಗೆರೆಗೆ ಸರಿಯಾಗಿ ಮಲಗಿದಾಗ ತಲೆ ಮತ್ತು ಪಾದಗಳು ಮೇಲಕ್ಕೂ ಸೊಂಟ ಕೆಳಕ್ಕೂ ಹೋಗಿ ಬೆನ್ನು ಬಾಗುತ್ತದೆ, ಮಂಡಿಗಳು ಹಿಂದಕ್ಕೆ ಒತ್ತಲ್ಪಡುತ್ತವೆ, ಇಕ್ಕೆಲದ ಬಟ್ಟೆ ಭುಜಗಳನ್ನು ಅಮುಕುತ್ತದೆ. ಅದೇ ವ್ಯಕ್ತಿ ನಡುಗೆರೆಯಿಂದ ಸುಮಾರು 20ರಿಂದ 30 ಡಿಗ್ರಿಯಷ್ಟು ಓರೆಯಾಗಿ, ತಲೆಯನ್ನು ಒಂದು ಅಂಚಿನತ್ತ, ಪಾದಗಳನ್ನು ಎದುರಿನ ಅಂಚಿನತ್ತ ಸರಿಸಿ ಮಲಗಿದರೆ, ದೇಹವು ಬಟ್ಟೆಯ ಬಾಗನ್ನು ಅಡ್ಡಹಾಯುವುದರಿಂದ ಬೆನ್ನಿನ ಕೆಳಗೆ ಬಹುಮಟ್ಟಿಗೆ ಸಮತಟ್ಟಾದ ತಲವೊಂದು ಏರ್ಪಡುತ್ತದೆ. ಹೀಗೆ ಸರಿಯಲು ಬಟ್ಟೆಯಲ್ಲಿ ಅವಕಾಶವಿರಬೇಕು ಎಂಬುದರಿಂದಲೇ ಉದ್ದದ ಪ್ರಶ್ನೆ ಹುಟ್ಟುತ್ತದೆ: ಸಾಧಾರಣ ಎತ್ತರದವರಿಗೆ ಕನಿಷ್ಠ 3 ಮೀಟರ್, ಐದೂಮುಕ್ಕಾಲು ಅಡಿಗಿಂತ ಎತ್ತರವಿರುವವರಿಗೆ 3.3 ಮೀಟರ್ ಉದ್ದದ, ಒಂದೂವರೆ ಮೀಟರಿನಷ್ಟು ಅಗಲದ ಬಟ್ಟೆ ಬೇಕಾಗುತ್ತದೆ. ಅಂಗಡಿಗಳಲ್ಲಿ ‘ಇಬ್ಬರ ಹ್ಯಾಮಕ್’ ಎಂದು ಮಾರಾಟವಾಗುವುದು ಬಹಳಷ್ಟು ಸಲ ಅಗಲದಲ್ಲಿ ಮಾತ್ರ ಹೆಚ್ಚಿದ್ದು ಉದ್ದದಲ್ಲಿ ಮೊದಲಿನಷ್ಟೇ ಇರುತ್ತದೆ. ಅಂಥದರಲ್ಲಿ ಇಬ್ಬರು ಮಲಗಿದರೆ ಇಬ್ಬರೂ ನಡುವಿಗೆ ಜಾರಿ ಒಬ್ಬರಿಗೊಬ್ಬರು ಒರಗುತ್ತಾರೆ, ಒಬ್ಬರೇ ಮಲಗಿದರೆ ಹೆಚ್ಚುವರಿ ಬಟ್ಟೆ ಮುಖದ ಮೇಲೆ ಬೀಳುತ್ತದೆ. ಕೊಳ್ಳುವಾಗ ಹೆಸರನ್ನು ನಂಬದೆ, ಮೀಟರುಗಳಲ್ಲಿ ಮುದ್ರಿಸಿದ ಉದ್ದವನ್ನೇ ಕೇಳಿ ತಿಳಿಯುವುದು ಕ್ಷೇಮ.

ತುದಿಗಳಲ್ಲಿ ಮರದ ಅಡ್ಡಪಟ್ಟಿ ಜೋಡಿಸಿ ಬಟ್ಟೆಯನ್ನು ಹರಡಿ ಹಿಡಿಯುವ ಹ್ಯಾಮಕ್‌ಗಳು ರೆಸಾರ್ಟುಗಳ ತೋಟಗಳಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಅವುಗಳಲ್ಲಿ ಮಲಗಿದವರ ಭಾರ ಬಟ್ಟೆಯ ಆಳಕ್ಕೆ ಇಳಿಯದೆ ಮೇಲೆಯೇ ನಿಲ್ಲುವುದರಿಂದ ಪಕ್ಕಕ್ಕೆ ಹೊರಳಿದೊಡನೆ ಮಗುಚುವ ಅಪಾಯವಿದೆ. ರಾತ್ರಿ ನಿದ್ರೆಗೆ ಅವು ಸಲ್ಲವು. ‘ಬ್ರಿಜ್ ಹ್ಯಾಮಕ್’ ಎಂಬ ಮತ್ತೊಂದು ಬಗೆಯಲ್ಲಿ ಅಡ್ಡಕೋಲುಗಳಿದ್ದರೂ ಮಲಗುವ ಭಾಗ ಅವುಗಳಿಗಿಂತ ಕೆಳಗೆ ತೂಗುವುದರಿಂದ ಸ್ಥಿರತೆ ಉಳಿಯುತ್ತದೆ, ಮಗ್ಗುಲಾಗಿ ಮಲಗುವವರಿಗೆ ಅದು ಹಿತವೂ ಹೌದು. ಕೋಲುಗಳ ತೂಕವನ್ನು ಬೆನ್ನಮೇಲೆ ಹೊರಬೇಕಾಗುವುದು ಅದರ ಕೊರತೆ.

ಉದ್ದವಾದ ಹ್ಯಾಮಕ್ಕನ್ನು ಕೊಂಡ ಮೇಲೂ ಅದನ್ನು ತಂತಿಯಂತೆ ಬಿಗಿದು ಕಟ್ಟಿದರೆ ಪ್ರಯೋಜನವಿಲ್ಲ. ಬಿಗಿದಷ್ಟೂ ಸಮತಟ್ಟಾಗುತ್ತದೆಂಬ ಊಹೆ ಬಹಳ ಜನರಲ್ಲಿದೆ, ಅದು ಸುಖವನ್ನಷ್ಟೇ ಅಲ್ಲದೆ ಸುರಕ್ಷತೆಯನ್ನೂ ಕೆಡಿಸುತ್ತದೆ. ಮಲಗಿದಾಗ ಕಟ್ಟುಪಟ್ಟಿಯು ನೆಲಕ್ಕೆ ಸಮಾಂತರವಾದ ರೇಖೆಯೊಡನೆ 30 ಡಿಗ್ರಿ ಕೋನದಲ್ಲಿದ್ದರೆ, 70 ಕಿಲೋ ತೂಕದ ವ್ಯಕ್ತಿಯಿಂದ ಪ್ರತಿ ಬದಿಯ ಪಟ್ಟಿಯ ಮೇಲೆ 70 ಕಿಲೋದಷ್ಟೇ ಎಳೆತ ಬೀಳುತ್ತದೆ. ಕೋನ 15 ಡಿಗ್ರಿಗೆ ಇಳಿದರೆ ಅದು ಸುಮಾರು 135 ಕಿಲೋಗೆ, 10 ಡಿಗ್ರಿಗೆ ಇಳಿದರೆ 200 ಕಿಲೋಗೆ, 5 ಡಿಗ್ರಿಯಲ್ಲಿ 400 ಕಿಲೋಗೆ ಏರುತ್ತದೆ. ಪಟ್ಟಿ ಮಟ್ಟಸವಾದಂತೆ ಮೇಲಕ್ಕೆತ್ತುವ ಬಲಕ್ಕೆ ಹೋಲಿಸಿದರೆ ಅಡ್ಡಕ್ಕೆ ಎಳೆಯುವ ಬಲವೇ ಬೆಳೆಯುತ್ತ ಹೋಗುವುದು ಇದಕ್ಕೆ ಕಾರಣ. ಹ್ಯಾಮಕ್‌ನ ಮೇಲೆ ಬರೆದಿರುವ ಭಾರಮಿತಿಯು ಅಲುಗಾಡದ ಭಾರವನ್ನು ಕುರಿತದ್ದಾಗಿರುವುದರಿಂದ, ಧೊಪ್ಪೆಂದು ಕುಳಿತಾಗ ಬೀಳುವ ಜಗ್ಗನ್ನೂ ಲೆಕ್ಕಕ್ಕೆ ಹಿಡಿದು, ತನ್ನ ತೂಕದ ಎರಡರಷ್ಟಾದರೂ ತಾಳುವ ಸಾಮಗ್ರಿಯನ್ನು ಆರಿಸುವುದು ಜಾಣತನ.

ಪ್ರತಿ ಸಲವೂ ಕೋನ ಅಳೆಯುವ ತೊಂದರೆಯನ್ನು ತಪ್ಪಿಸಲು ಒಂದು ಸರಳ ಉಪಾಯವಿದೆ. ಹ್ಯಾಮಕ್‌ನ ಎರಡು ತುದಿಗಳ ನಡುವೆ, ಮಲಗಿದವರ ಮೇಲ್ಭಾಗದಲ್ಲಿ ಹಾದುಹೋಗುವಂತೆ, ಹಿಗ್ಗದ ಸಣ್ಣ ಹಗ್ಗವೊಂದನ್ನು ಶಾಶ್ವತವಾಗಿ ಕಟ್ಟಿರುತ್ತಾರೆ; ಇದನ್ನು ‘ರಿಜ್‌ಲೈನ್’ ಎನ್ನುತ್ತಾರೆ. ಇದರ ಉದ್ದವನ್ನು ಬಟ್ಟೆಯ ಉದ್ದದ ಸುಮಾರು ಶೇ. 83ರಷ್ಟು, ಅಂದರೆ 3.3 ಮೀಟರಿನ ಹ್ಯಾಮಕ್‌ಗೆ ಸುಮಾರು 2.75 ಮೀಟರಿನಷ್ಟು ಇಟ್ಟರೆ, ಮರಗಳು ಹತ್ತಿರವಿರಲಿ ದೂರವಿರಲಿ, ಬಟ್ಟೆಯ ಜೋಲು ಪ್ರತಿ ರಾತ್ರಿಯೂ ಒಂದೇ ಬಗೆಯಾಗಿರುತ್ತದೆ. ಕನ್ನಡಕ, ದೀಪ, ನೀರಿನ ಬಾಟಲಿಯನ್ನು ತೂಗುಹಾಕಲೂ ಅದು ಒದಗುತ್ತದೆ. ಹೆಚ್ಚುವರಿ ಬೆಲೆ ತೆತ್ತು ಕೊಳ್ಳಬಹುದಾದ ಸೌಕರ್ಯಗಳಲ್ಲಿ ಇದಕ್ಕಿಂತ ಉಪಯುಕ್ತವಾದುದು ಇನ್ನೊಂದಿಲ್ಲ.

ಮರಗಳ ನಡುವಿನ ಅಂತರ ನಾಲ್ಕರಿಂದ ಐದು ಮೀಟರಿದ್ದರೆ ಪಟ್ಟಿಯನ್ನು ಸರಿಸುಮಾರು ಆಳೆತ್ತರದಲ್ಲಿ ಕಟ್ಟಬೇಕಾಗುತ್ತದೆ. ಅಂತರ ಹೆಚ್ಚಿದಂತೆ ಎತ್ತರವೂ ಹೆಚ್ಚಬೇಕು. ಕುಳಿತಾಗ ಹ್ಯಾಮಕ್ ನೆಲದಿಂದ ಕುರ್ಚಿಯಷ್ಟು, ಅಂದರೆ 45 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಸಾಕು, ಅದಕ್ಕಿಂತ ಮೇಲೇರಿಸುವುದರಿಂದ ಬಿದ್ದಾಗಿನ ಪೆಟ್ಟು ಹೆಚ್ಚುವುದಲ್ಲದೆ ಬೇರೆ ಲಾಭವಿಲ್ಲ. ಇಲ್ಲಿ ಮರದ ಹಿತವನ್ನೂ ಗಂಭೀರವಾಗಿ ಗಮನಿಸಬೇಕು. ತೊಗಟೆಯ ಒಳಮಗ್ಗುಲಲ್ಲಿ, ಎಲೆಗಳು ತಯಾರಿಸಿದ ಆಹಾರವನ್ನು ಬೇರಿನವರೆಗೆ ಸಾಗಿಸುವ ಫ್ಲೋಯಂ ಎಂಬ ಅಂಗಾಂಶವೂ, ಕಾಂಡ ದಪ್ಪವಾಗಲು ಕಾರಣವಾದ ಕ್ಯಾಂಬಿಯಂ ಎಂಬ ತೆಳುಪದರವೂ ಇರುತ್ತವೆ. ತೆಳುವಾದ ಹಗ್ಗವು ಒಂದಿಡೀ ರಾತ್ರಿ ಮನುಷ್ಯನ ಭಾರದಿಂದ ಜಗ್ಗಿದಾಗ ಈ ಪದರಗಳನ್ನು ಅದುಮಿ ಗಾಯಗೊಳಿಸುತ್ತದೆ, ಒಂದೇ ಮರಕ್ಕೆ ಪ್ರವಾಸಿಗರು ಮತ್ತೆಮತ್ತೆ ಕಟ್ಟುವ ಜಾಗಗಳಲ್ಲಿ ಆ ಗಾಯ ಮಾಯಲು ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ಕನಿಷ್ಠ ಎರಡೂವರೆ ಸೆಂಟಿಮೀಟರ್, ಸಾಧ್ಯವಾದರೆ ಐದು ಸೆಂಟಿಮೀಟರ್ ಅಗಲದ ಪಾಲಿಯೆಸ್ಟರ್ ಪಟ್ಟಿಗಳನ್ನು ಬಳಸಬೇಕು. ನೈಲಾನ್ ಪಟ್ಟಿ ಭಾರಕ್ಕೆ ಹಿಗ್ಗುತ್ತದೆ, ನೆನೆದರೆ ಇನ್ನಷ್ಟು ಹಿಗ್ಗಿ, ಸಂಜೆ ಸರಿಯಾಗಿ ಕಟ್ಟಿದ್ದ ಹಾಸಿಗೆ ನಡುರಾತ್ರಿಗೆ ನೆಲ ಮುಟ್ಟುವಂತೆ ಮಾಡುತ್ತದೆ. ತೊಡೆಗಿಂತ ಸಣ್ಣ ಕಾಂಡದ ಮರಕ್ಕೂ, ಒಣಗಿದ ಮರಕ್ಕೂ ಕಟ್ಟಬಾರದು. ಕಟ್ಟುವ ಮುನ್ನ ತಲೆಯೆತ್ತಿ ಮುರಿದು ಸಿಕ್ಕಿಕೊಂಡ ಕೊಂಬೆಗಳಿವೆಯೇ ಎಂದು ನೋಡಬೇಕು. ಕರಾವಳಿಯಲ್ಲಿ ಕಾಯಿ ಹೊತ್ತ ತೆಂಗಿನಮರಗಳ ನಡುವೆ ಮಲಗುವುದು ಚಿತ್ರಕ್ಕೆ ಸೊಗಸಾದರೂ ಪ್ರಾಣಕ್ಕೆ ಅಪಾಯಕರ.

ಬಟ್ಟೆಯ ವಿಷಯದಲ್ಲಿ ಹೆಚ್ಚು ಗೊಂದಲ ಬೇಕಿಲ್ಲ. ಹತ್ತಿ ಮೈಗೆ ಹಿತವಾದರೂ ತೇವ ಹೀರಿ ಭಾರವಾಗುತ್ತದೆ, ಬೇಗ ಒಣಗದೆ ಬೂಷ್ಟು ಹಿಡಿಯುತ್ತದೆಯಾದ್ದರಿಂದ ಅದು ಮನೆಯ ಜಗಲಿಗೆ ಸರಿ. ಹೊರಾಂಗಣಕ್ಕೆ ನೈಲಾನ್ ಅಥವಾ ಪಾಲಿಯೆಸ್ಟರ್ ಸೂಕ್ತ. ಅದರಲ್ಲೂ ನಡುನಡುವೆ ದಪ್ಪ ಎಳೆಗಳನ್ನು ಚೌಕಳಿಯಾಗಿ ನೇಯ್ದು, ಒಂದೆಡೆ ಹರಿದರೆ ಆ ಹರುಕು ಮುಂದುವರಿಯದಂತೆ ತಡೆಯುವ ‘ರಿಪ್‌ಸ್ಟಾಪ್’ ನೇಯ್ಗೆ ನಂಬಿಕೆಗೆ ಅರ್ಹ. ದಾರದ ದಪ್ಪವನ್ನು ಡೆನಿಯರ್ ಎಂಬ ಮಾನದಲ್ಲಿ ಹೇಳುತ್ತಾರೆ, 9000 ಮೀಟರ್ ಉದ್ದದ ದಾರವು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್ ಎಂದರ್ಥ. ಹೊಸಬರಿಗೆ 70 ಡೆನಿಯರ್ ಆಸುಪಾಸಿನ ಬಟ್ಟೆ ತೂಕಕ್ಕೂ ಬಾಳಿಕೆಗೂ ಒಪ್ಪುತ್ತದೆ.

ಹ್ಯಾಮಕ್‌ನಲ್ಲಿ ಮೊದಲ ಸಲ ಮಲಗುವವರನ್ನು ಬೆನ್ನುನೋವಿಗಿಂತ ಹೆಚ್ಚಾಗಿ ಕಾಡುವುದು ಕೆಳಗಿನಿಂದ ಬರುವ ಚಳಿ. ನೆಲದ ಮೇಲೆ ಮಲಗಿದಾಗ ಗಾಳಿ ತಾಗದ ಬೆನ್ನು, ಇಲ್ಲಿ ತೆಳುವಾದ ಒಂದೇ ಪದರದ ಆಚೆ ಬೀಸುವ ಗಾಳಿಗೆ ನೇರವಾಗಿ ಒಡ್ಡಿಕೊಳ್ಳುತ್ತದೆ. ಸ್ಲೀಪಿಂಗ್ ಬ್ಯಾಗ್ ಇದ್ದರೂ ಅದರ ತಳಭಾಗ ಮೈಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಬೆಚ್ಚಗಿಡುವುದು ತುಂಬುಪದಾರ್ಥದ ಎಳೆಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ಗಾಳಿಯಾಗಿರುವುದರಿಂದ, ಅಪ್ಪಚ್ಚಿಯಾದ ಚೀಲ ಚಳಿಯನ್ನು ತಡೆಯಲಾರದು. ರಾತ್ರಿಯ ತಾಪಮಾನ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೇ ಇದರ ಅನುಭವವಾಗತೊಡಗುತ್ತದೆ, ಡಿಸೆಂಬರ್–ಜನವರಿಯಲ್ಲಿ ಕೊಡಗು, ಚಿಕ್ಕಮಗಳೂರುಗಳ ಎತ್ತರದ ಜಾಗಗಳಲ್ಲಂತೂ ನಿದ್ರೆಯೇ ಅಸಾಧ್ಯವಾದೀತು. ಫೋಮ್ ಚಾಪೆಯನ್ನು ಒಳಗೆ ಹಾಸಿಕೊಳ್ಳುವುದು ಅಗ್ಗದ ಪರಿಹಾರ, ಆದರೆ ಅದು ಹೊರಳಿದಾಗಲೆಲ್ಲ ಜಾರುತ್ತದೆ, ಭುಜಗಳನ್ನು ಮುಚ್ಚುವುದಿಲ್ಲ. ಹಾಸಿಗೆ ಎರಡು ಪದರದ್ದಾಗಿದ್ದರೆ ಪದರಗಳ ನಡುವೆ ಚಾಪೆಯನ್ನು ತೂರಿಸಿ ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸಿಕೊಳ್ಳಬಹುದು. ‘ಅಂಡರ್‌ಕ್ವಿಲ್ಟ್’ ಎಂಬ ರಜಾಯಿಯನ್ನು ಹ್ಯಾಮಕ್‌ನ ಹೊರಗಡೆ, ತಳಕ್ಕೆ ತಾಗಿದಂತೆ ತೂಗುಬಿಡುತ್ತಾರೆ. ಮೈಭಾರ ಅದರ ಮೇಲೆ ಬೀಳದ ಕಾರಣ ಅದು ಉಬ್ಬಿಕೊಂಡೇ ಉಳಿದು ಬೆನ್ನನ್ನು ಬೆಚ್ಚಗಿಡುತ್ತದೆ. ಮಲೆನಾಡಿನ ಚಳಿಗಾಲಕ್ಕೆ ಹೋಗುವವರು ಹ್ಯಾಮಕ್‌ಗೆ ಮೀಸಲಿಟ್ಟ ಹಣದಲ್ಲಿ ಸ್ವಲ್ಪವನ್ನು ಉಳಿಸಿ ಇದರ ಮೇಲೆ ಖರ್ಚುಮಾಡುವುದು ಒಳ್ಳೆಯದು.

ಸೊಳ್ಳೆಪರದೆ ಇಲ್ಲದ ಹ್ಯಾಮಕ್ ಭಾರತದ ಹವೆಯಲ್ಲಿ ಅಪೂರ್ಣ. ಪರದೆಯಿದ್ದರೂ ಬೆನ್ನಿಗೆ ಬಿಗಿಯಾಗಿ ಅಂಟಿದ ತೆಳುಬಟ್ಟೆಯ ಮೂಲಕ ಸೊಳ್ಳೆಗಳು ಕಚ್ಚಬಲ್ಲವಾದ್ದರಿಂದ, ಎರಡು ಪದರದ ತಳ ಅಥವಾ ಇಡೀ ಹ್ಯಾಮಕ್ಕನ್ನು ಸುತ್ತುವರಿಯುವ ಪರದೆ ಹೆಚ್ಚು ಸುರಕ್ಷಿತ. ಮಳೆಗೆ ಪ್ರತ್ಯೇಕ ಟಾರ್ಪಾಲು ಬೇಕು, ಅದು ಹ್ಯಾಮಕ್‌ನ ಎರಡು ತುದಿಗಳಾಚೆಗೂ ಒಂದೊಂದು ಗೇಣಾದರೂ ಚಾಚಿರಬೇಕು. ಮರದಿಂದ ಇಳಿಯುವ ನೀರು ಪಟ್ಟಿಗುಂಟ ಹರಿದು ಹಾಸಿಗೆಗೆ ಸೇರದಿರಲು, ಟಾರ್ಪಾಲಿನ ಆಸರೆಯೊಳಗೆ ಪಟ್ಟಿಗೆ ಒಂದು ತುಂಡು ದಾರವನ್ನು ಕಟ್ಟಿ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಪಶ್ಚಿಮಘಟ್ಟದ ಒದ್ದೆ ನೆಲ, ಇಳಿಜಾರು, ಬೇರುಗಂಟುಗಳು ಮತ್ತು ಮಳೆಗಾಲದ ಇಂಬಳಗಳ ನಡುವೆ ನೆಲ ಬಿಟ್ಟು ಮಲಗುವುದರ ಲಾಭ ಸ್ಪಷ್ಟವಾಗಿಯೇ ಇದೆ. ಆದರೆ ಕುದುರೆಮುಖ, ಮುಳ್ಳಯ್ಯನಗಿರಿಗಳಂಥ ಎತ್ತರದ ಏಣುಗಳು ಹುಲ್ಲುಗಾವಲುಗಳಾಗಿದ್ದು, ಮರಗಳೆಲ್ಲ ಕಣಿವೆಯ ಶೋಲಾ ಕಾಡಿನಲ್ಲಿ ಗುಂಪುಗೂಡಿರುವುದರಿಂದ ಅಂಥ ನೆತ್ತಿಗಳಲ್ಲಿ ಹ್ಯಾಮಕ್‌ಗೆ ಆಧಾರವೇ ದೊರೆಯುವುದಿಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಪ್ರವೇಶಿಸಲೂ ತಂಗಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕು, ಆನೆ ಓಡಾಡುವ ಕಾಡಿನಲ್ಲಿ ಅನುಮತಿಯಿಲ್ಲದೆ ಹಾಸಿಗೆ ಕಟ್ಟುವುದು ಕಾನೂನಿಗೂ ವಿವೇಕಕ್ಕೂ ವಿರುದ್ಧ. ಹೋಂಸ್ಟೇಗಳ ತೋಟ, ಅನುಮತಿ ಪಡೆದ ಶಿಬಿರತಾಣಗಳೇ ಇದಕ್ಕೆ ತಕ್ಕ ಜಾಗ. ಮಲೆನಾಡಿನಲ್ಲಿ ಉಣುಗುಗಳ ಬಗೆಗೂ ಎಚ್ಚರ ಬೇಕು: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಉಣುಗುಗಳ ಕಡಿತದಿಂದ ಹರಡುತ್ತದೆ ಮತ್ತು ಬೇಸಿಗೆಯವರೆಗಿನ ಒಣ ತಿಂಗಳುಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಹ್ಯಾಮಕ್‌ನಲ್ಲಿ ಮಲಗಿದವರಿಗೆ ತರಗೆಲೆಗಳ ಸಂಪರ್ಕ ಕಡಿಮೆಯಾಗುವುದು ನಿಜವಾದರೂ, ಹಗಲೆಲ್ಲ ನಡೆದಾಡುವಾಗ ಬಟ್ಟೆಗೆ ಹತ್ತಿದ ಉಣುಗುಗಳು ಅವರೊಡನೆಯೇ ಹಾಸಿಗೆಯನ್ನೂ ಏರುವುದರಿಂದ, ಮಲಗುವ ಮುನ್ನ ಮೈ ಮತ್ತು ಬಟ್ಟೆಗಳನ್ನು ಪರೀಕ್ಷಿಸಿಕೊಳ್ಳುವುದನ್ನು ಎಂದಿಗೂ ಬಿಡಬಾರದು.

ಮಾರುಕಟ್ಟೆಯಲ್ಲಿ ತಕ್ಕ ಉದ್ದದ್ದು ಸಿಗದಿದ್ದರೆ ನಿರಾಶರಾಗಬೇಕಿಲ್ಲ. ನೆರಿಗೆತುದಿಯ ಹ್ಯಾಮಕ್ ಮೂಲತಃ ಆಯತಾಕಾರದ ಬಟ್ಟೆಯ ಒಂದೇ ತುಂಡಾಗಿರುವುದರಿಂದ, ಗಟ್ಟಿ ನೈಲಾನ್ ಬಟ್ಟೆ ದೊರೆತರೆ ಊರಿನ ದರ್ಜಿಯೇ ಅದನ್ನು ಹೊಲಿದುಕೊಡಬಲ್ಲನು: ಉದ್ದದ ಅಂಚುಗಳನ್ನು ಮಡಿಚಿ ಹೊಲಿದು, ಎರಡು ತುದಿಗಳಲ್ಲಿ ಹಗ್ಗ ಹಾಯುವಷ್ಟು ಅಗಲದ ಕೊಳವೆಯಂಥ ಮಡಿಕೆ ಬಿಟ್ಟು, ಆ ಮಡಿಕೆಗೆ ಮೂರು ಸಾಲು ಹೊಲಿಗೆ ಹಾಕಿಸಿದರೆ ಸಾಕು. ಹೊಲಿಯುವ ನೂಲು ಹತ್ತಿಯದಾಗಿದ್ದರೆ ತೇವಕ್ಕೆ ಕೊಳೆತು ಭಾರಕ್ಕೆ ಬಿಚ್ಚಿಕೊಳ್ಳುತ್ತದೆಯಾದ್ದರಿಂದ ಪಾಲಿಯೆಸ್ಟರ್ ನೂಲನ್ನೇ ಕೇಳಿ ಹಾಕಿಸಬೇಕು. ಕೊಂಡದ್ದಿರಲಿ ಹೊಲಿಸಿದ್ದಿರಲಿ, ಕಾಡಿಗೆ ಒಯ್ಯುವ ಮೊದಲು ಮನೆಯಂಗಳದಲ್ಲಿ, ಕೆಳಗೆ ಹಾಸಿಗೆಯೊಂದನ್ನು ಹರಡಿ, ಮೊಣಕಾಲೆತ್ತರದಲ್ಲಿ ಕಟ್ಟಿ, ಅದರಲ್ಲಿ ಒಂದಿಡೀ ರಾತ್ರಿ ಮಲಗಿ ನೋಡಬೇಕು.