ತೇರು, ಲಾರಿ ಮತ್ತು ಶಾಸನ

ಬಾದಾಮಿಯಿಂದ ಸುಮಾರು ೫ ಕಿಲೋಮೀಟರು ದೂರದ ಚೊಳಚಗುಡ್ಡದಲ್ಲಿ ಪ್ರತಿವರ್ಷ ಪುಷ್ಯಮಾಸದ ಹುಣ್ಣಿಮೆಯಂದು, ಜನರು ಬನದ ಹುಣ್ಣಿಮೆ ಎಂದು ಕರೆಯುವ ದಿನ, ಬನಶಂಕರಿಯ ತೇರು ಸಾಗುತ್ತದೆ. ಜಾತ್ರೆಯು ಹಲವು ವಾರಗಳ ವರೆಗೆ ನಡೆಯುತ್ತದೆ. ಮಿಠಾಯಿ ಅಂಗಡಿ, ಬಳೆಯಂಗಡಿ, ದನಗಳ ಸಂತೆ, ನಾಟಕ ಕಂಪನಿಗಳ ರಂಗಮಂದಿರ - ಇವುಗಳ ನಡುವೆ ಕಾಲಿಡಲು ಎಡೆಯಿಲ್ಲದಂತೆ ಜನ ನೆರೆದಿರುತ್ತಾರೆ. ತೇರು ಎಷ್ಟು ಭಾರವಾದ ವಸ್ತು! ಆದರೂ ಅದರಿಂದ ಹತ್ತು ಮಾರು ದೂರದಲ್ಲಿ ತಂದೆಯೊಬ್ಬನು ಮಗುವನ್ನು ಹೆಗಲ ಮೇಲೆ ಕೂಡಿಸಿಕೊಂಡು ನಿಶ್ಚಿಂತನಾಗಿ ನಿಂತಿರುತ್ತಾನೆ. ಅಷ್ಟೇ ಭಾರದ ಲಾರಿಯೊಂದು ಅದೇ ಬೀದಿಯಲ್ಲಿ ಧಾವಿಸಿ ಬಂದರೆ ಅವನು ಹಾಗೆ ನಿಲ್ಲಲಾರನು. ಈ ವ್ಯತ್ಯಾಸಕ್ಕೆ ಕಾರಣವೇನು?

ಲೆಕ್ಕ ಮಾಡಿ ನೋಡೋಣ. ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದರೆ ಬರುವ ಮೊತ್ತದ ಅರ್ಧ ಎಂಬುದನ್ನು ವಾಚಕರು ಬಲ್ಲರು. ತೇರು ೧೦ ಟನ್ ತೂಗುತ್ತದೆಂದೂ ಸೆಕೆಂಡಿಗೆ ಅರ್ಧ ಮೀಟರಿನಂತೆ ಸಾಗುತ್ತದೆಂದೂ ಇಟ್ಟುಕೊಳ್ಳಿರಿ. ಅದರ ಚಲನಶಕ್ತಿ ೧,೨೫೦ ಜೂಲ್ ಮಾತ್ರ. ೬೦ ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು ನೂರು ಮೀಟರನ್ನು ಹದಿನೈದೂವರೆ ಸೆಕೆಂಡಿನಲ್ಲಿ ಮುಗಿಸುವ ವೇಗದಲ್ಲಿ ಓಡುತ್ತಿದ್ದರೆ ಅವನಲ್ಲಿಯೂ ಹೆಚ್ಚು ಕಡಮೆ ಇಷ್ಟೇ ಚಲನಶಕ್ತಿಯಿರುತ್ತದೆ! (ಗಾಲಿಯಡಿಯಲ್ಲಿ ಸಿಕ್ಕವನನ್ನು ಕೊಲ್ಲುವುದು ತೇರಿನ ಭಾರ; ಅದು ಬೇರೆಯ ಮಾತು.) ಈಗ ೧೦ ಟನ್ನಿನ ಲಾರಿಯು ಗಂಟೆಗೆ ೬೦ ಕಿಲೋಮೀಟರಿನಂತೆ ಬರಲಿ. ಅದರ ಚಲನಶಕ್ತಿ ಸುಮಾರು ೧೪ ಲಕ್ಷ ಜೂಲ್, ಎಂದರೆ ತೇರಿನದಕ್ಕಿಂತ ೧,೧೦೦ ಪಟ್ಟು.

ಇಷ್ಟು ಶಕ್ತಿಯು ಜನಸಂದಣಿಯೊಳಗೆ ನುಗ್ಗಿದರೆ ಏನಾದೀತೆಂಬುದನ್ನು ಜಗತ್ತು ೨೦೧೬ರ ಜುಲೈ ೧೪ರ ರಾತ್ರಿ ಕಂಡಿತು. ಫ್ರಾನ್ಸಿನ ನೀಸ್ ಪಟ್ಟಣದ ಕಡಲದಂಡೆಯ ಬೀದಿಯಲ್ಲಿ ಬಾಣಬಿರುಸು ನೋಡಲು ನೆರೆದಿದ್ದ ಜನರ ಮೇಲೆ ೧೯ ಟನ್ ವರ್ಗದ ಲಾರಿಯನ್ನು ಬೇಕೆಂದೇ ಹರಿಸಲಾಯಿತು. ೮೬ ಜನ ಮಡಿದರು. ಬರ್ಲಿನ್, ಲಂಡನ್, ಬಾರ್ಸೆಲೋನಾ, ನ್ಯೂಯಾರ್ಕ್ ನಗರಗಳಲ್ಲಿಯೂ ಇಂಥ ಕೃತ್ಯಗಳು ನಡೆದುವು. ಬಾಂಬು ಮಾಡುವವನಿಗೆ ಸಿಡಿಮದ್ದು ಬೇಕು. ಅದರ ಮಾರಾಟದ ಮೇಲೆ ಸರಕಾರವು ಕಣ್ಣಿಡಬಹುದು. ಲಾರಿಯಾದರೋ ದಿನಬಳಕೆಯ ವಸ್ತು. ಅದನ್ನು ನಿಷೇಧಿಸುವಂತಿಲ್ಲ. ಶಾಸನ ರಚಿಸುವವರಿಗೆ ಎದುರಾದ ತೊಡಕು ಇದೇ.

ನಮ್ಮ ದೇಶದ ಶಾಸನಗಳು ಈ ತೊಡಕನ್ನು ಎರಡು ಬಗೆಯಲ್ಲಿ ಮುಟ್ಟುತ್ತವೆ. ಮೊದಲನೆಯದು ದಂಡನೆ. ೧೯೬೭ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ ೧೫ನೆಯ ಪ್ರಕರಣವು ಭಯೋತ್ಪಾದಕ ಕೃತ್ಯವನ್ನು ವಿವರಿಸುವಾಗ ಬಾಂಬು, ಬಂದೂಕು, ವಿಷ ಮೊದಲಾದವನ್ನು ಹೆಸರಿಸಿ, ಅವುಗಳೊಡನೆ ಬೇರೆ ಯಾವುದೇ ಸ್ವರೂಪದ ಸಾಧನವನ್ನೂ ಸೇರಿಸಿಕೊಳ್ಳುತ್ತದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೧೩ನೆಯ ಪ್ರಕರಣವೂ ಹಾಗೆಯೇ. ಆದುದರಿಂದ ಲಾರಿಯ ಹೆಸರು ಅಲ್ಲಿ ಬರಬೇಕಾಗಿಲ್ಲ. ಜನರನ್ನು ಕೊಂದು ಭೀತಿ ಹುಟ್ಟಿಸುವ ಉದ್ದೇಶವಿದ್ದರೆ ಅಪರಾಧವು ಸಿದ್ಧವಾಯಿತು. ಸಾವು ಸಂಭವಿಸಿದರೆ ಮರಣದಂಡನೆ ಅಥವಾ ಜೀವಾವಧಿ ಸೆರೆವಾಸ. ಆದರೆ ಸಾಯಲು ಸಿದ್ಧನಾಗಿ ಹೊರಟವನನ್ನು ಮರಣದಂಡನೆಯ ಭಯವು ತಡೆಯುವುದೆಂದು ನನಗೆ ತೋರುವುದಿಲ್ಲ.

ಎರಡನೆಯದು ಯಾರ ಕಣ್ಣಿಗೂ ಅಷ್ಟಾಗಿ ಬೀಳದ ಪ್ರಕರಣ. ೧೯೮೮ರ ಮೋಟಾರು ವಾಹನಗಳ ಕಾಯ್ದೆಯ ೧೧೫ನೆಯ ಪ್ರಕರಣದಂತೆ ರಾಜ್ಯ ಸರಕಾರವಾಗಲಿ, ಅದರಿಂದ ಅಧಿಕಾರ ಪಡೆದವರಾಗಲಿ ಸಾರ್ವಜನಿಕ ಸುರಕ್ಷತೆಗಾಗಿ ಗೊತ್ತುಪಡಿಸಿದ ರಸ್ತೆಯಲ್ಲಿ ವಾಹನಗಳನ್ನು ನಿಷೇಧಿಸಬಹುದು, ಇಲ್ಲವೆ ನಿರ್ಬಂಧಿಸಬಹುದು. ನಿರ್ಬಂಧವು ಒಂದು ತಿಂಗಳಿಗೆ ಮೀರದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಿಲ್ಲ. ಸ್ಥಳದಲ್ಲಿ ಸಾಧ್ಯವಾದಷ್ಟು ಪ್ರಚಾರ ಮಾಡಿದರೆ ಸಾಕು. ಜಾತ್ರೆಗೆಂದೇ ಅಳತೆ ಮಾಡಿ ಹೊಲಿದಂತಿರುವ ಅಂಗಿ ಇದು! ಬ್ರಿಟನ್ನಿನಲ್ಲಿ ಭಯೋತ್ಪಾದನೆಯ ಕಾರಣವನ್ನೇ ಹೇಳಿ ರಸ್ತೆ ಮುಚ್ಚುವ ಅಧಿಕಾರವನ್ನು ೧೯೮೪ರ ಸಂಚಾರ ಕಾಯ್ದೆಗೆ ೨೦೦೪ರಲ್ಲಿ ಪ್ರತ್ಯೇಕವಾಗಿ ಸೇರಿಸಬೇಕಾಯಿತು. ನಮ್ಮ ಪ್ರಕರಣವು ಕಾರಣವನ್ನು ಕೆದಕುವುದಿಲ್ಲ. ಅದೇ ಅದರ ಗುಣ.

ಹೀಗೇಕೆ ಹೇಳುತ್ತೇನೆಂದರೆ, ೨೦೨೫ರ ಸೆಪ್ಟೆಂಬರ್ ೧೨ರಂದು ಹಾಸನದ ಬಳಿಯ ಮೊಸಳೆಹೊಸಹಳ್ಳಿಯಲ್ಲಿ ಗಣಪತಿಯ ಮೆರವಣಿಗೆಯೊಳಕ್ಕೆ ಲಾರಿಯೊಂದು ನುಗ್ಗಿತು. ಮಡಿದವರಲ್ಲಿ ಕಾಲೇಜು ವಿದ್ಯಾರ್ಥಿಗಳೇ ಹಲವರು, ನಿಮ್ಮ ವಯಸ್ಸಿನವರು. ಅದು ಅಪಘಾತ, ಭಯೋತ್ಪಾದಕ ಕೃತ್ಯವಲ್ಲ. ದಂಡಶಾಸನದ ದೃಷ್ಟಿಯಲ್ಲಿ ನೀಸ್‌ಗೂ ಮೊಸಳೆಹೊಸಹಳ್ಳಿಗೂ ಅಜಗಜಾಂತರ. ಆದರೆ ಚಲನಶಕ್ತಿಗೆ ಚಾಲಕನ ಮನಸ್ಸು ತಿಳಿಯದು. ರಸ್ತೆಯನ್ನು ನೋಡುವ ಶಾಸನವು ದುರುಳನನ್ನೂ ತಡೆಯುತ್ತದೆ, ಹಿಡಿತ ತಪ್ಪಿದವನನ್ನೂ ತಡೆಯುತ್ತದೆ.

ಆದರೆ ಆಜ್ಞೆಯ ಕಾಗದವು ಲಾರಿಯನ್ನು ನಿಲ್ಲಿಸಲಾರದು. ಪೊಲೀಸರು ಅಡ್ಡಲಾಗಿ ಇಡುವ ಕಬ್ಬಿಣದ ಬ್ಯಾರಿಕೇಡು ಹೇಗೆ? ಅದು ಪ್ರಾಮಾಣಿಕರಿಗೆ ಸೂಚನಾಫಲಕ, ಅಷ್ಟೆ. ೨ ಟನ್ನಿನ ಕಾಂಕ್ರೀಟು ದಿಮ್ಮಿ? ಡಾಂಬರಿನ ಮೇಲೆ ಅದರ ಘರ್ಷಣ ಗುಣಾಂಕ ೦.೫ ಎಂದಿಟ್ಟುಕೊಂಡರೆ ಅದು ಒಡ್ಡುವ ಪ್ರತಿರೋಧ ಸುಮಾರು ೧೦,೦೦೦ ನ್ಯೂಟನ್. ಡಿಕ್ಕಿಯ ಕ್ಷಣದಲ್ಲಿಯೇ ಲಾರಿಯ ಶಕ್ತಿಯ ಆರನೆಯ ಒಂದು ಪಾಲು ಕಳೆಯಿತೆಂದರೂ ಉಳಿದುದನ್ನು ಆ ಘರ್ಷಣೆಯೊಂದೇ ಕಳೆಯಲು ನೂರು ಮೀಟರಿಗೂ ಹೆಚ್ಚು ದೂರ ಬೇಕು. ತರಗತಿಯಲ್ಲಿ ಈ ಲೆಕ್ಕ ಕೊಟ್ಟಾಗ ವಿದ್ಯಾರ್ಥಿಗಳು ಉತ್ತರವನ್ನು ನಂಬದೆ ಮತ್ತೊಮ್ಮೆ ಭಾಗಿಸಿ ನೋಡುತ್ತಾರೆ. ಲಾರಿಯನ್ನು ಒಂದೇ ಮೀಟರಿನಲ್ಲಿ ನಿಲ್ಲಿಸಬೇಕಾದರೆ ಸರಾಸರಿ ೧೪ ಲಕ್ಷ ನ್ಯೂಟನ್, ಎಂದರೆ ಸುಮಾರು ೧೪೦ ಟನ್ ಭಾರಕ್ಕೆ ಸಮವಾದ ಬಲ ಬೇಕಾಗುತ್ತದೆ. ಅದನ್ನು ತಾಳಬಲ್ಲುದು ನೆಲದಲ್ಲಿ ಭದ್ರವಾದ ಅಡಿಪಾಯ ಹಾಕಿ ನೆಟ್ಟ ಉಕ್ಕಿನ ತಡೆಗಂಬಗಳ ಸಾಲು. ಇಂಥ ತಡೆಗಳನ್ನು ನಿಜವಾದ ವಾಹನ ಹಾಯಿಸಿ ಪರೀಕ್ಷಿಸುವ ಅಂತಾರಾಷ್ಟ್ರೀಯ ಮಾನಕವೊಂದು ೨೦೨೩ರಲ್ಲಿ ಹೊರಬಂದಿದೆ. ಕಂಬವನ್ನು ನೆಟ್ಟರಷ್ಟೇ ಸಾಲದು, ಅದು ಕೆಲಸ ಮಾಡುವಂತಿರಬೇಕು: ೨೦೨೫ರ ಜನವರಿ ೧ರಂದು ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ವಾಹನ ನುಗ್ಗಿ ೧೪ ಜನ ಸತ್ತಾಗ, ಆ ಬೀದಿಯ ಹಳೆಯ ತಡೆಗಂಬಗಳನ್ನು ತೆಗೆದು ಹೊಸವನ್ನು ಹಾಕುವ ಕೆಲಸ ಇನ್ನೂ ಮುಗಿದಿರಲಿಲ್ಲ.

ತಡೆಗಂಬಗಳಿಗೆ ಹಣ ಬೇಕು. ವರ್ಷಕ್ಕೊಮ್ಮೆ ತುಂಬುವ ಹಳ್ಳಿಯ ಬೀದಿಗೆ ಅಷ್ಟು ವೆಚ್ಚವನ್ನು ಒಪ್ಪುವವರು ಕಡಮೆ. ಅಗ್ಗದ ಉಪಾಯವೊಂದಿದೆ: ದಾರಿಯನ್ನು ಬಗ್ಗಿಸುವುದು. ತಿರುವಿನಲ್ಲಿ ವಾಹನವನ್ನು ದಾರಿಯಲ್ಲಿ ಹಿಡಿದಿಡುವುದು ಟೈರಿನ ಘರ್ಷಣೆಯೊಂದೇ. ೧೦ ಮೀಟರು ತ್ರಿಜ್ಯದ ತಿರುವಿನಲ್ಲಿ, ಗುಣಾಂಕವನ್ನು ಮತ್ತೆ ೦.೫ ಎಂದಿಟ್ಟುಕೊಂಡರೆ, ಗರಿಷ್ಠ ವೇಗ ಸೆಕೆಂಡಿಗೆ ೭ ಮೀಟರು, ಗಂಟೆಗೆ ೨೫ ಕಿಲೋಮೀಟರು. ಅದಕ್ಕೆ ಮೀರಿದವನು ಜಾರುತ್ತಾನೆ, ಇಲ್ಲವೆ ಮಗುಚುತ್ತಾನೆ. ಆಗ ಲಾರಿಯ ಚಲನಶಕ್ತಿ ೧೪ ಲಕ್ಷದಿಂದ ೨.೪೫ ಲಕ್ಷ ಜೂಲಿಗೆ ಇಳಿಯಿತು. ಜಾತ್ರೆಯ ಪ್ರವೇಶದಲ್ಲಿ ಎಡಕ್ಕೊಂದು ಬಲಕ್ಕೊಂದು ಮಣ್ಣಿನ ದಿಬ್ಬ ಹಾಕಿ ಹಾವಿನಂತೆ ದಾರಿ ಮಾಡಿದರೆ ವೇಗದ ಮಿತಿಯನ್ನು ಭೌತಶಾಸ್ತ್ರವೇ ಜಾರಿಗೊಳಿಸುತ್ತದೆ.

ಕರ್ನಾಟಕವು ೨೦೧೭ರಲ್ಲಿ ಸಾರ್ವಜನಿಕ ಸುರಕ್ಷತೆಯ ಬಗ್ಗೆಯೇ ಕಾಯ್ದೆಯೊಂದನ್ನು ಮಾಡಿ, ಜನ ಸೇರುವ ಸ್ಥಳಗಳಲ್ಲಿ ಪ್ರವೇಶದ ನಿಯಂತ್ರಣವನ್ನೂ ಕ್ಯಾಮೆರಾಗಳನ್ನೂ ಕಡ್ಡಾಯಗೊಳಿಸಿತು. ಕ್ಯಾಮೆರಾಗಳ ಮಾತು ಎಲ್ಲೆಡೆಯೂ ಕೇಳಿಬರುತ್ತದೆ. ಪ್ರವೇಶ ನಿಯಂತ್ರಣದ ಮಾತು ಅಷ್ಟಾಗಿ ಕೇಳಿಬರುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ವಾಹನವನ್ನು ಹೊರಗಿಡುವ ಬೇಲಿಯು ಜನರನ್ನು ಒಳಗೆ ಕೂಡಿಹಾಕಬಾರದು. ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ೧೧ ಜನರನ್ನು ಕೊಂದುದು ಯಾವ ವಾಹನವೂ ಅಲ್ಲ, ಇಕ್ಕಟ್ಟಿನ ನೂಕುನುಗ್ಗಲು. ಅದರ ಬೆನ್ನಿಗೇ ಜನಸಂದಣಿಯ ನಿಯಂತ್ರಣಕ್ಕಾಗಿ ಮಸೂದೆಯೊಂದು ವಿಧಾನಸಭೆಯಲ್ಲಿ ಮಂಡಿತವಾಯಿತು. ತಡೆಗಂಬಗಳ ನಡುವೆ ೧.೨ ಮೀಟರು ತೆರವಿದ್ದರೆ ಮನುಷ್ಯರೂ ಗಾಲಿಕುರ್ಚಿಯೂ ಸರಾಗವಾಗಿ ದಾಟುತ್ತವೆ, ಕಾರು ದಾಟದು. ಮೋಟಾರ್ ಸೈಕಲ್ಲು ಮಾತ್ರ ದಾಟುತ್ತದೆ. ೨೦೧೩ರ ಏಪ್ರಿಲ್ ೧೭ರಂದು ಬೆಂಗಳೂರಿನ ಮಲ್ಲೇಶ್ವರದಲ್ಲಿ ಬಾಂಬು ಸಿಡಿದುದು ನಿಲ್ಲಿಸಿದ್ದ ಮೋಟಾರ್ ಸೈಕಲ್ಲಿನಲ್ಲಿಯೇ. ಆದುದರಿಂದ ವಾಹನ ನಿಲುಗಡೆಯ ಮೈದಾನವು ಜನಸಂದಣಿಯಿಂದ ದೂರವಿರಬೇಕು. ಬೆಂಕಿ ನಂದಿಸುವ ವಾಹನಕ್ಕೂ ಆಂಬುಲೆನ್ಸಿಗೂ ತೆರೆಯಬಹುದಾದ ಬಾಗಿಲೊಂದು ಬೇಕು. ಅದರ ಬೀಗದ ಕೈ ಬಾಗಿಲ ಬಳಿ ನಿಂತವನ ಕೈಯಲ್ಲಿಯೇ ಇರಬೇಕು.

ಆಜ್ಞೆಯ ವೇಳೆಯನ್ನು ಗೊತ್ತುಪಡಿಸುವವರು ತೇರಿನ ದಿನವೊಂದನ್ನೇ ನೆನೆದರೆ ಸಾಲದು. ತೇರು ನೆಲೆಗೆ ಮುಟ್ಟಿದ ಮೇಲೂ ವಾರಗಟ್ಟಲೆ ಬನಶಂಕರಿಯಲ್ಲಿ ನಾಟಕಗಳಿರುತ್ತವೆ. ಕೊನೆಯ ಆಟ ಬಿಟ್ಟಾಗ ನಡುರಾತ್ರಿ ಮೀರಿರುತ್ತದೆ. ಪ್ರೇಕ್ಷಕರು ನಿದ್ದೆಗಣ್ಣಿನಲ್ಲಿ, ಮಕ್ಕಳನ್ನು ಎತ್ತಿಕೊಂಡು, ಒಮ್ಮೆಗೇ ರಸ್ತೆಗೆ ಇಳಿಯುತ್ತಾರೆ. ಬ್ಯಾರಿಕೇಡುಗಳನ್ನು ಬದಿಗೆ ಸರಿಸುವುದು ಅವರೆಲ್ಲರೂ ರಸ್ತೆ ದಾಟಿದ ಮೇಲೆ.